ಎರವಲು ಇಕ್ಕಳ: ಹವ್ಯಾಸಕ್ಕೆ ಸಿಗುವ ಸಲಕರಣೆ ಹೊಟ್ಟೆಪಾಡಿಗೆ ಯಾಕೆ ಸಿಗಲ್ಲ?

ಕಳೆದ ತಿಂಗಳ ಒಂದು ಭಾನುವಾರ ಬೆಂಗಳೂರಿನಿಂದ ಮೈಸೂರಿಗೆ ಹೊರಟ ರೈಲಿನಲ್ಲಿ ನನ್ನ ಕಾಲಡಿ ಒಂದು ತಗಡಿನ ಟ್ರಂಕು ಇತ್ತು. ಎದುರು ಸೀಟಿನ ಅಜ್ಜಿ, "ಮದುವೆ ಮನೆಗಾ ಮಗಾ?" ಅಂದರು. "ಅಲ್ಲಜ್ಜಿ, ಕಾರಿನ ಸೀಟು ಹೊಲಿಯೋ ಸಾಮಾನು" ಅಂದೆ. ಅವರು ಟ್ರಂಕನ್ನೂ ನನ್ನನ್ನೂ ಒಮ್ಮೆ ನೋಡಿ ಸುಮ್ಮನಾದರು.

ಟ್ರಂಕಿನೊಳಗೆ ಇದ್ದದ್ದು ಇಷ್ಟು: ಒಂದು ನೇರ, ಒಂದು ಬಾಗಿದ ಹಾಗ್ ರಿಂಗ್ ಪ್ಲೈಯರ್, ಒಂದು ಚೀಲ ರಿಂಗು, ದಬ್ಬಣಗಳು, ಅರ್ಧಚಂದ್ರದ ಹಾಗೆ ಬಾಗಿದ ಸೂಜಿಗಳು, ರೆಕ್ಸಿನ್ ಹಿಡಿದು ಎಳೆಯುವ ಅಗಲ ಬಾಯಿಯ ಇಕ್ಕಳ, ಮೊಳೆ ಕಚ್ಚಿಕೊಳ್ಳುವ ಅಯಸ್ಕಾಂತದ ಸುತ್ತಿಗೆ, ಬಟ್ಟೆ ಹೊದಿಸಿದ ಗುಂಡಿ ಮಾಡುವ ಪುಟ್ಟ ಪ್ರೆಸ್. ಇವೆಲ್ಲದರ ಮೇಲೆ ಒಂದು ರೂಲ್ಡ್ ನೋಟ್‌ಬುಕ್. ಯಾರು ತಗೊಂಡರು, ಯಾವಾಗ ಕೊಟ್ಟರು, ಏನು ಮುರಿಯಿತು, ಎಲ್ಲ ಅದರಲ್ಲಿ ಬರೆದಿದೆ.

ನನ್ನ ಹತ್ತಿರ ಹಳೇ ಕಾರಿಲ್ಲ. ಇರೋದು ಒಂದು ಸ್ಕೂಟರ್. ಇಂಜಿನಿಯರಿಂಗ್ ಕಾಲೇಜಿನ ಸಹಪಾಠಿಯೊಬ್ಬ ಅವನಪ್ಪನ ಪ್ರೀಮಿಯರ್ ಪದ್ಮಿನಿಯನ್ನು ಮತ್ತೆ ರಸ್ತೆಗೆ ತರುವ ಹುಚ್ಚು ಹತ್ತಿಸಿಕೊಂಡಿದ್ದಾನೆ. ಅವನ ಮೂಲಕ ನಾನು ಈ ಗುಂಪಿಗೆ ಸೇರಿದೆ. ಹನ್ನೆರಡು ಜನ ದುಡ್ಡು ಹಾಕಿ ಸಲಕರಣೆ ಕೊಂಡಿದ್ದಾರೆ. ಯಾರ ಸೀಟು ಕೆಲಸ ನಡೀತಿದೆಯೋ ಅವರ ಮನೆಗೆ ಟ್ರಂಕು ಹೋಗುತ್ತದೆ. ಮೈಸೂರಿನಲ್ಲಿ ಒಬ್ಬರು ಅಂಬಾಸಿಡರ್ ಬಿಚ್ಚಿ ಹಾಕಿದ್ದರು, ಅವತ್ತು ಟ್ರಂಕು ಹೊರುವ ಪಾಳಿ ನನ್ನದಾಗಿತ್ತು.

ಇದರಲ್ಲೇನು ರಾಜಕೀಯ ಅಂತ ನೀವು ಕೇಳಬಹುದು. ಸ್ವಲ್ಪ ತಾಳಿ.

ಎರಡು ವಾರಾಂತ್ಯಕ್ಕೆ ಒಂದು ಸಲಕರಣೆ

ಹಳೇ ಕಾರಿನ ಸೀಟಿನಲ್ಲಿ ಸ್ಪ್ರಿಂಗಿನ ಚೌಕಟ್ಟು ಇರುತ್ತದೆ. ಅದರ ಮೇಲೆ ಗೋಣಿ, ನಾರು ಅಥವಾ ಫೋಮ್, ಕೊನೆಗೆ ರೆಕ್ಸಿನ್. ಆ ರೆಕ್ಸಿನ್ನನ್ನು ಬಿಗಿಯಾಗಿ ಎಳೆದು ಚೌಕಟ್ಟಿನ ತಂತಿಗೆ ಸಣ್ಣ ಲೋಹದ ಬಳೆಗಳಿಂದ ಕಚ್ಚಿಸಬೇಕು. ಆ ಬಳೆಯೇ ಹಾಗ್ ರಿಂಗ್. ಮಾಮೂಲಿ ಪ್ಲೈಯರ್‌ನಲ್ಲಿ ಹಿಡಿದರೆ ಅದು ಜಾರುತ್ತದೆ, ರೆಕ್ಸಿನ್ ಹರಿಯುತ್ತದೆ, ಬೆರಳೂ ಕುಯ್ಯುತ್ತದೆ. ಇದಕ್ಕೇ ಮಾಡಿದ ಇಕ್ಕಳದ ಬಾಯಲ್ಲಿ ಒಂದು ಗೀರು ಇರುತ್ತದೆ, ರಿಂಗು ಅದರಲ್ಲಿ ಕೂರುತ್ತದೆ. ಒಂದು ಸಲ ಒತ್ತಿದರೆ ಕೆಲಸ ಮುಗೀತು.

ಹೊಲಿಗೆ ಮಷೀನಿನ ಕಥೆಯೂ ಹೀಗೇ. ಮನೆಯ ಮಷೀನಿನಲ್ಲಿ ಕೆಳಗಿನ ಹಲ್ಲು ಮಾತ್ರ ಬಟ್ಟೆಯನ್ನು ಮುಂದಕ್ಕೆ ತಳ್ಳುತ್ತದೆ. ರೆಕ್ಸಿನ್, ಫೋಮ್, ಅಸ್ತರಿ ಮೂರನ್ನೂ ಒಟ್ಟಿಗೆ ಇಟ್ಟರೆ ಕೆಳಗಿನ ಪದರ ಮುಂದೆ ಹೋಗುತ್ತದೆ, ಮೇಲಿನದು ಹಿಂದೆ ಉಳಿಯುತ್ತದೆ, ಹೊಲಿಗೆ ಸೊಟ್ಟಗಾಗುತ್ತದೆ. ವಾಕಿಂಗ್ ಫೂಟ್ ಮಷೀನಿನಲ್ಲಿ ಮೇಲಿನ ಪಾದವೂ ಹೆಜ್ಜೆ ಹಾಕುತ್ತದೆ, ದಪ್ಪ ಪದರಗಳು ಒಟ್ಟಿಗೆ ಸಾಗುತ್ತವೆ. ಅದು ಭಾರದ, ದುಬಾರಿ ಯಂತ್ರ, ಟ್ರಂಕಿಗೆ ಹಿಡಿಸಲ್ಲ. ನಮ್ಮ ಗುಂಪಿನದು ರಾಜಾಜಿನಗರದ ಒಂದು ಗ್ಯಾರೇಜಿನಲ್ಲಿದೆ. ಬೇಕಾದವರು ಅಲ್ಲಿಗೇ ಹೋಗಿ ಹೊಲಿದುಕೊಂಡು ಬರಬೇಕು.

ಲೆಕ್ಕ ಸರಳ. ಒಂದು ಕಾರಿನ ಸೀಟು ಮಾಡೋಕೆ ಈ ಸಲಕರಣೆ ಎರಡು-ಮೂರು ವಾರಾಂತ್ಯ ಬೇಕು. ಆಮೇಲೆ ವರ್ಷಗಟ್ಟಲೆ ಬೇಡ. ಹನ್ನೆರಡು ಜನ ಹನ್ನೆರಡು ಸೆಟ್ ಕೊಂಡರೆ ಹನ್ನೆರಡೂ ಅಟ್ಟದ ಮೇಲೆ ತುಕ್ಕು ಹಿಡಿಯುತ್ತವೆ. ಇದೇನೂ ಹೊಸ ತತ್ವ ಅಲ್ಲ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿ ಇತ್ತು: ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಅಲ್ಲಿ ಆಳು ಓಡಾಡುತ್ತಿದ್ದ, ಇಲ್ಲಿ ಇಕ್ಕಳ ಓಡಾಡುತ್ತದೆ.

'ಅವರು ಕಮರ್ಷಿಯಲ್ ಅಲ್ವಾ?'

ಗುಂಪಿನವರಿಗೆ ಕೆಲಸ ಕಲಿಸಿದ್ದು ಕಲಾಸಿಪಾಳ್ಯದ ಒಬ್ಬ ಕುಶನ್ ಕೆಲಸಗಾರ. ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಗಳಲ್ಲಿ ಇಂಥವರು ಬಹಳ ಜನ. ಎಲ್ಲರೂ ಅವರನ್ನು ಭಾಯ್ ಅಂತಾರೆ. ಹನ್ನೊಂದನೇ ವಯಸ್ಸಿಗೆ ಸೋದರಮಾವನ ಅಂಗಡಿಯಲ್ಲಿ ಗೋಣಿ ಕತ್ತರಿಸುವುದರಿಂದ ಶುರು ಮಾಡಿದವರು. ಹಳೇ ಸೀಟಿನ ಹೊಲಿಗೆ ಬಿಚ್ಚಿ, ಆ ತುಂಡುಗಳನ್ನೇ ಅಚ್ಚು ಮಾಡಿಕೊಂಡು ಹೊಸದು ಕತ್ತರಿಸುವುದನ್ನು ನನ್ನ ಗೆಳೆಯ ಕಲಿತದ್ದು ಅವರ ಪಕ್ಕ ಕೂತೇ.

"ನಾವೇ ಕಲಿತುಬಿಟ್ರೆ ನಿಮ್ಮ ಕೆಲ್ಸಕ್ಕೆ ಕುತ್ತು ಬರಲ್ವಾ ಭಾಯ್?" ಅಂತ ಒಮ್ಮೆ ಕೇಳಿದೆ.

"ನೀವು ಅರ್ಧ ಕೆಡಿಸಿ ತರ್ತೀರಲ್ಲ ಸಾರ್, ಅದನ್ನ ಸರಿ ಮಾಡೋದೇ ದೊಡ್ಡ ಕೆಲ್ಸ" ಅಂತ ನಕ್ಕರು.

ಭಾಯ್ ಕೂರುವ ಮಷೀನು ಅವರದಲ್ಲ, ಅಂಗಡಿ ಮಾಲೀಕರದು. ಸೀಟಿಗೆ ಇಷ್ಟು ಅಂತ ಕೂಲಿ. ಅಂಗಡಿ ಬಾಗಿಲು ಹಾಕಿದ ದಿನ ಅವರ ಕೈಗೂ ಕೆಲಸ ಇಲ್ಲ. ಹೊರಗೆ ಸ್ವಂತವಾಗಿ ಒಪ್ಪಿಕೊಳ್ಳುವ ಕೆಲಸಗಳಿವೆ: ಆಟೋ ಸೀಟು, ಜಿಮ್ ಬೆಂಚು, ಶಾಲಾ ಬಸ್ಸಿನ ಸೀಟು. ಆದರೆ ಮಷೀನಿಲ್ಲ. ರಾಜಾಜಿನಗರದ ಗ್ಯಾರೇಜಿನಲ್ಲಿರುವ ಮಷೀನು ತಿಂಗಳಲ್ಲಿ ಇಪ್ಪತ್ತೈದು ದಿನ ಮುಸುಕು ಹೊದ್ದು ಮಲಗಿರುತ್ತದೆ.

ಹಾಗಾಗಿ ನಾನು ಗುಂಪಿನ ವಾಟ್ಸಾಪ್‌ನಲ್ಲಿ ಒಂದು ಮಾತು ಹಾಕಿದೆ: ಭಾಯ್ ಅವರನ್ನು ಹದಿಮೂರನೇ ಸದಸ್ಯರಾಗಿ ಸೇರಿಸಿಕೊಳ್ಳೋಣ್ವಾ? ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡ್ತಾರೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ಬರೆದರು: "ಅವರು ಕಮರ್ಷಿಯಲ್ ಅಲ್ವಾ? ನಮ್ಮದು ಹಾಬಿ ಗ್ರೂಪ್."

ಬರೆದವರು ಕೆಟ್ಟವರಲ್ಲ. ದಿನಾ ಎಂಟು ಗಂಟೆ ಓಡಿದರೆ ಮಷೀನು ಸವೆಯುತ್ತದೆ ಅನ್ನುವ ಅವರ ಆತಂಕ ನ್ಯಾಯವಾದದ್ದೇ. ಆದರೂ ಆ ಒಂದು ಸಾಲಿನಲ್ಲಿ ನಮ್ಮ ಕಾಲದ ಒಂದು ದೊಡ್ಡ ವಿಂಗಡಣೆ ಅಡಗಿದೆ. ಸಂತೋಷಕ್ಕೆ ಸೀಟು ಹೊಲಿಯುವವನ ಮೇಲೆ ನಂಬಿಕೆ ಇದೆ. ಹೊಟ್ಟೆಗಾಗಿ ಹೊಲಿಯುವವನು ಬಂದ ತಕ್ಷಣ ಅದೇ ಕೆಲಸ ವ್ಯಾಪಾರ ಆಗಿಬಿಡುತ್ತದೆ. ಎರವಲು ಕೊಡುವುದು ನಂಬಿಕೆಯ ಮೇಲೆ ನಿಂತಿದೆ, ಸರಿ. ಆದರೆ ಆ ನಂಬಿಕೆ ಒಂದೇ ಕಾಲೇಜು, ಒಂದೇ ಥರದ ಸಂಬಳ, ಒಂದೇ ಥರದ ಬಡಾವಣೆಯ ಗಡಿ ದಾಟುವುದು ಅಪರೂಪ.

ಸರ್ಕಾರದ ಪಟ್ಟಿಯಲ್ಲಿ ಕಾರಿದೆ, ಕೈ ಇಲ್ಲ

ಹನ್ನೆರಡು ಜನರ ಗುಂಪನ್ನು ದೂರಿ ಏನು ಪ್ರಯೋಜನ? ಇದೇ ವಿಂಗಡಣೆ ಸರ್ಕಾರದ ಕಾಗದಗಳಲ್ಲೂ ಇದೆ.

2021ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಗಳಿಗೆ 'ವಿಂಟೇಜ್' ಸ್ಥಾನ ಕೊಟ್ಟಿತು. ಅವಕ್ಕೆ 'ವಿಎ' ಅಕ್ಷರಗಳಿರುವ ಪ್ರತ್ಯೇಕ ನಂಬರ್ ಪ್ಲೇಟು. ಹೊಸ ನೋಂದಣಿಗೆ ₹20,000, ಹತ್ತು ವರ್ಷದ ನಂತರ ಮರುನೋಂದಣಿಗೆ ₹5,000. ಪದ್ಮಿನಿ ಅನ್ನುವ ಹೆಸರು ಬಂದದ್ದು 1974ರಲ್ಲಿ, ಹಾಗಾಗಿ ಆ ಹೆಸರಿನ ಮೊದಮೊದಲ ಕಾರುಗಳು ಈಗಷ್ಟೇ ಈ ಸಾಲಿಗೆ ಬರುತ್ತಿವೆ. ಪರಂಪರೆ ಉಳಿಸುವ ನಿಯಮ, ನನ್ನದೇನೂ ತಕರಾರಿಲ್ಲ.

ಅದೇ ಹೊತ್ತಿಗೆ ಪರಂಪರೆ ಅನ್ನಿಸಿಕೊಳ್ಳದ ಸಾಮಾನ್ಯ ಹಳೇ ಕಾರಿನ ಗತಿ ಬೇರೆ. 15 ವರ್ಷ ದಾಟಿದ ಖಾಸಗಿ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಿಂದ ₹600 ಇದ್ದದ್ದು ₹5,000 ಆಯಿತು. ಐವತ್ತು ದಾಟಿದರೆ ಗೌರವ, ಹದಿನೈದು ದಾಟಿದರೆ ಗುಜರಿಯ ದಾರಿ. ನಡುವಿನ ಮೂವತ್ತೈದು ವರ್ಷ ಕಾರನ್ನು ಬದುಕಿಸಿಡೋದು ಟಿಂಕರ್, ಪೇಂಟರ್, ಕುಶನ್ ಕೆಲಸದವರು.

ಅವರಿಗೇನಿದೆ? 2023ರ ಸೆಪ್ಟೆಂಬರ್ 17ರಂದು ₹13,000 ಕೋಟಿಯ ಪಿಎಂ ವಿಶ್ವಕರ್ಮ ಯೋಜನೆ ಶುರುವಾಯಿತು. ಕುಶಲಕರ್ಮಿಗಳಿಗೆ ತರಬೇತಿ, ಸಲಕರಣೆಗೆ ₹15,000, ಶೇ 5ರ ಬಡ್ಡಿಯಲ್ಲಿ ಮೊದಲು ₹1 ಲಕ್ಷ, ಆಮೇಲೆ ₹2 ಲಕ್ಷ ಸಾಲ. ಆದರೆ ಇದು 18 ಕಸುಬುಗಳಿಗೆ ಮಾತ್ರ. ಬಡಗಿ, ಕಮ್ಮಾರ, ಕುಂಬಾರ, ಚಮ್ಮಾರ, ದರ್ಜಿ, ಕ್ಷೌರಿಕ, ದೋಣಿ ಕಟ್ಟುವವರು, ಬೀಗ ಮಾಡುವವರು, ಬಲೆ ಹೆಣೆಯುವವರು, ಹೂಮಾಲೆ ಕಟ್ಟುವವರು... ಪೂರ್ತಿ ಓದಿ ನೋಡಿ, ಕುಶನ್ ಕೆಲಸದವರು ಎಲ್ಲೂ ಇಲ್ಲ. ಟಿಂಕರಿಂಗ್ ಮಾಡುವವರೂ ಇಲ್ಲ. ಕುಲಕಸುಬು ಅಂತ ಊರು ಗುರುತಿಸಿದ ಕೆಲಸಗಳ ಪಟ್ಟಿ ಅದು. ನಗರ ಹುಟ್ಟುಹಾಕಿದ ಕಸುಬಿಗೆ ಅದರಲ್ಲಿ ಜಾಗವಿಲ್ಲ, ಮಾವನಿಂದ ಅಳಿಯನಿಗೆ ಕೈ ದಾಟಿ ಬಂದಿದ್ದರೂ ಸಹ.

ದರ್ಜಿ ಅಂತ ಬರೆಸಿಕೊಂಡರೆ? ಬಟ್ಟೆ ಹೊಲಿಯುವ ಮಷೀನು ರೆಕ್ಸಿನ್ ಹೊಲಿಯಲ್ಲ. ವಾಕಿಂಗ್ ಫೂಟ್ ಮಷೀನು ಹೊಸದಾಗಿ ₹15,000ಕ್ಕೆ ಬರುವುದೂ ಇಲ್ಲ. ಉಳಿದದ್ದಕ್ಕೆ ಸಾಲ ಮಾಡಬೇಕು. ಯೋಜನೆಯ ಮೂಲ ಕಲ್ಪನೆಯೇ ಇದು: ಒಬ್ಬ ಮನುಷ್ಯ, ಒಂದು ಕಿಟ್, ಒಂದು ಸಾಲ. ಹತ್ತು ಜನ ಸೇರಿ ಮೂರು ಮಷೀನು ಬಳಸಬಹುದು ಅನ್ನುವ ಯೋಚನೆಗೆ ಅಲ್ಲಿ ಅವಕಾಶವೇ ಇಲ್ಲ. ಎಂಎಸ್‌ಎಂಇ ಕ್ಲಸ್ಟರ್ ಯೋಜನೆಯಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಕ್ಕೆ ಹಣ ಸಿಗುತ್ತದೆ, ನಿಜ. ಅದಕ್ಕೆ ಉದ್ಯಮಗಳು ಒಟ್ಟಾಗಿ ಒಂದು ಪ್ರತ್ಯೇಕ ಸಂಸ್ಥೆ ಕಟ್ಟಿಕೊಂಡು ಬರಬೇಕು. ದಿನಗೂಲಿಯವರು ಆ ಬಾಗಿಲು ತಟ್ಟೋದಾದರೂ ಹೇಗೆ?

2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿ ಹಕ್ಕು' ಕುರಿತು ಸಮಿತಿ ಮಾಡಿತು. ಅದು ಗುರುತಿಸಿದ ನಾಲ್ಕು ಕ್ಷೇತ್ರಗಳಲ್ಲಿ ವಾಹನವೂ ಒಂದು. ಒಳ್ಳೆಯದೇ. ಆದರೆ ಅಲ್ಲಿನ ಚರ್ಚೆ ಕಂಪನಿ ಮತ್ತು ಗ್ರಾಹಕನ ನಡುವಿನದು. ದುರಸ್ತಿ ಮಾಡುವ ಮೂರನೆಯವನ ಕೈಯಲ್ಲಿ ಸಲಕರಣೆ ಇಲ್ಲದಿದ್ದರೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಬೆಣ್ಣೆ ನಮ್ಮ ಕೈಯಲ್ಲೇ ಇದೆ

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆಯುವುದು ಅಂತಾರಲ್ಲ, ಕರ್ನಾಟಕದ ಸ್ಥಿತಿ ಹಾಗಿದೆ. ಹಂಚಿಕೊಂಡು ಬಳಸುವುದನ್ನು ಸರ್ಕಾರಿ ಯೋಜನೆಯಾಗಿ ಮಾಡಿ ನೋಡಿದ ರಾಜ್ಯ ನಮ್ಮದು. 2014-15ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಹೋಬಳಿ ಮಟ್ಟದಲ್ಲಿ ಬಾಡಿಗೆ ಯಂತ್ರ ಕೇಂದ್ರಗಳನ್ನು ತಂದಿತು. ಎರಡೆಕರೆ ರೈತ ಟ್ರ್ಯಾಕ್ಟರ್ ಕೊಳ್ಳೋಕಾಗಲ್ಲ, ಕೊಳ್ಳಬೇಕಾಗಿಯೂ ಇಲ್ಲ, ಬೇಕಾದ ದಿನ ಬಾಡಿಗೆಗೆ ಸಿಕ್ಕರೆ ಸಾಕು ಅನ್ನುವುದೇ ಅದರ ತಿರುಳು.

ಅದರಲ್ಲಿ ತೊಡಕು ಇಲ್ಲವೇ ಅಂದರೆ, ಇದೆ. ಮಳೆ ಬಿದ್ದ ವಾರ ಇಡೀ ಹೋಬಳಿಗೆ ಒಟ್ಟಿಗೆ ಟ್ರ್ಯಾಕ್ಟರ್ ಬೇಕು. ಕುಶನ್ ಕೆಲಸಕ್ಕೆ ಆ ತೊಂದರೆ ಕಡಿಮೆ. ಆಯುಧಪೂಜೆಯ ಮುಂಚಿನ ಎರಡು ವಾರ ಬಿಟ್ಟರೆ ಕೆಲಸ ವರ್ಷವಿಡೀ ಹರಡಿಕೊಂಡಿರುತ್ತದೆ.

ಹಾಗಾದರೆ ನಗರಕ್ಕೊಂದು ಯಂತ್ರಧಾರೆ ಯಾಕಿರಬಾರದು? ಕಲಾಸಿಪಾಳ್ಯದಂಥ ಒಂದು ಕಡೆ ಬಾಡಿಗೆ ಕೋಣೆ, ಮೂರ್ನಾಲ್ಕು ವಾಕಿಂಗ್ ಫೂಟ್ ಮಷೀನು, ಒಂದು ಕಪಾಟು ಕೈಸಲಕರಣೆ, ಗಂಟೆ ಲೆಕ್ಕದ ಬಾಡಿಗೆ. ಅಥವಾ ಸಂಜೆ ಬೀಗ ಬೀಳುವ ಸರ್ಕಾರಿ ಐಟಿಐಗಳ ವರ್ಕ್‌ಶಾಪನ್ನೇ ರಾತ್ರಿ ಒಂಬತ್ತರವರೆಗೆ ತೆರೆದಿಡಿ. ನಡೆಸುವ ಸಮಿತಿಯಲ್ಲಿ ಕೆಲಸಗಾರರೇ ಹೆಚ್ಚಿರಲಿ, ಇಲ್ಲದಿದ್ದರೆ ಇದೂ ಗುತ್ತಿಗೆದಾರರ ಪಾಲಾಗುತ್ತದೆ. ಜೊತೆಗೆ ವಿಶ್ವಕರ್ಮದ ಪಟ್ಟಿಗೆ ದುರಸ್ತಿ ಕಸುಬುಗಳನ್ನು ಸೇರಿಸಿ ಅಂತ ರಾಜ್ಯ ಸರ್ಕಾರ ಕೇಂದ್ರವನ್ನು ಕೇಳಲಿ.

ಭಾಯ್‌ಗೆ ಇದನ್ನೆಲ್ಲ ವಿವರಿಸಿದಾಗ ಅವರು ತಲೆ ಅಲ್ಲಾಡಿಸಿದರು. "ಟೂಲ್ ಕೊಟ್ರೆ ವಾಪಸ್ ಬರೋದು ಕಷ್ಟ ಸಾರ್. ಬಂದ್ರೂ ಹಲ್ಲು ಮುರಿದಿರುತ್ತೆ." ಸ್ವಲ್ಪ ಹೊತ್ತು ಬಿಟ್ಟು ಅವರೇ ಸೇರಿಸಿದರು: "ರಿಪೇರಿಗೆ ಒಬ್ಬನ್ನ ಸಂಬಳ ಕೊಟ್ಟು ಇಡ್ಬೇಕು. ಅವನಿದ್ರೆ ನಡೆಯುತ್ತೆ." ಯೋಜನೆ ಬರೆಯುವ ಅಧಿಕಾರಿಗಳು ಮೊದಲು ಕಿವಿಗೆ ಹಾಕಿಕೊಳ್ಳಬೇಕಾದ ಮಾತು ಇದು. ಯಂತ್ರ ಕೊಳ್ಳುವಾಗ ಉದ್ಘಾಟನೆ ಇರುತ್ತದೆ. ಅದನ್ನು ಸುಸ್ಥಿತಿಯಲ್ಲಿ ಇಡುವ ಮನುಷ್ಯನ ಸಂಬಳಕ್ಕೆ ಬಜೆಟ್ಟಿನಲ್ಲಿ ಸಾಲು ಇರುವುದಿಲ್ಲ.

ನಮ್ಮ ಗುಂಪಿನಲ್ಲಿ ಚರ್ಚೆ ಇನ್ನೂ ಮುಗಿದಿಲ್ಲ. ಐದು ಜನ ಒಪ್ಪಿದ್ದಾರೆ, ಇಬ್ಬರು ಬೇಡ ಅಂದಿದ್ದಾರೆ, ಉಳಿದವರು ಹೆಬ್ಬೆಟ್ಟಿನ ಇಮೋಜಿ ಹಾಕಿ ಸುಮ್ಮನಿದ್ದಾರೆ. ಸವಕಳಿಗೆ ಅಂತ ಬಾಡಿಗೆಯಲ್ಲಿ ಒಂದು ಪಾಲು ತೆಗೆದಿಡೋಣ ಅಂತ ನನ್ನ ಗೆಳೆಯ ಲೆಕ್ಕ ಹಾಕಿ ಕಳಿಸಿದ್ದಾನೆ. ಒಪ್ಪಿಗೆ ಸಿಕ್ಕರೆ ಟ್ರಂಕಿನ ನೋಟ್‌ಬುಕ್ಕಿನಲ್ಲಿ ಹದಿಮೂರನೇ ಹೆಸರು ಬರೆಯುತ್ತೇವೆ. ಸಿಗದಿದ್ದರೂ ಭಾಯ್ ಸೋಮವಾರ ಬೆಳಿಗ್ಗೆ ಮಾಲೀಕರ ಮಷೀನಿನ ಮುಂದೆ ಕೂರುತ್ತಾರೆ, ಮಾಡುವ ಕೆಲಸ ಮಾತ್ರ ನಮ್ಮೆಲ್ಲರಿಗಿಂತ ಚೆನ್ನಾಗಿರುತ್ತದೆ.