ಒಂದು ಹಗಲಿನ ಎಫೆಸಸ್

ತುರ್ಕಿಯ ಪಶ್ಚಿಮ ತೀರದಲ್ಲಿ ಕುಶಾದಸಿ ಎಂಬುದೊಂದು ರೇವುಪಟ್ಟಣವಿದೆ. ಭೂಮಧ್ಯ ಸಮುದ್ರವನ್ನು ಸುತ್ತುವ ವಿಹಾರನೌಕೆಗಳು ಬೆಳಗ್ಗೆ ಅಲ್ಲಿಗೆ ಬಂದು ನಿಂತು, ಸಂಜೆಯಾಗುತ್ತಲೆ ಹೊರಟುಹೋಗುವುವು. ನಡುವೆ ಉಳಿಯುವ ಕೆಲವು ಗಂಟೆಗಳ ಅವಕಾಶಕ್ಕೆಂದು ಪ್ರವಾಸದ ವ್ಯಾಪಾರಿಗಳು ಒಂದು ಕ್ರಮವನ್ನು ಗೊತ್ತುಮಾಡಿರುವರು. ಪೂರ್ವಾಹ್ಣದಲ್ಲಿ ಎಫೆಸಸ್ ನಗರದ ಅವಶೇಷಗಳ ದರ್ಶನ. ಮಧ್ಯಾಹ್ನ ಗುಡ್ಡದ ಮೇಲಣ ಷಿರಿಂಜೆ ಗ್ರಾಮದಲ್ಲಿ ಹಳ್ಳಿಯೂಟ. ಊಟಕ್ಕೆ ಮುಂಚೆಯೋ ಆಮೇಲೆಯೋ ಅದೇ ಗ್ರಾಮದ ಅಂಗಡಿಯಲ್ಲಿ ದ್ರಾಕ್ಷಾರಸದ ರುಚಿನೋಟ. ಈಚೆಗೆ ನಮ್ಮ ನಾಡಿನ ಸುಶಿಕ್ಷಿತ ಕುಟುಂಬಗಳೂ ಆ ಕಡೆಗೆ ಹೋಗಿಬರುತ್ತಿರುವುದುಂಟು. ಹೋಗಿಬಂದವರನ್ನು ಕೇಳಿದರೆ, ಹಣಕ್ಕೆ ಮೋಸವಿಲ್ಲ, ಒಂದೇ ಹಗಲಿನಲ್ಲಿ ಮೂರು ಲಾಭವಾಯಿತು ಎನ್ನುವರು.

ಈ ಲಾಭದ ಲೆಕ್ಕವನ್ನು ಸ್ವಲ್ಪ ಪರೀಕ್ಷಿಸಬೇಕಾಗಿದೆ. ಮದ್ಯಪಾನವು ಯುಕ್ತವೋ ಅಯುಕ್ತವೋ ಎಂಬ ಚರ್ಚೆ ಇಲ್ಲಿ ಪ್ರಕೃತವಲ್ಲ. ಬೇಡವಾದವರು ಬಟ್ಟಲನ್ನು ಮುಟ್ಟದೆ ಬರಬಹುದು. ಕಾಲವು ಸಾಲದೆಂಬುದೂ ಮುಖ್ಯವಾದ ಆಕ್ಷೇಪವಲ್ಲ. ಎಷ್ಟು ಕಾಲವಿದ್ದರೂ ಸಾಲದಂತಹ ಊರುಗಳು ಲೋಕದಲ್ಲಿ ಬೇಕಾದಷ್ಟಿವೆ. ಆ ಪಾಳುನಗರ, ಆ ಹಳ್ಳಿ, ಆ ದ್ರಾಕ್ಷಾರಸ, ಈ ಮೂರೂ ಒಂದೇ ಚರಿತ್ರೆಯ ಮೂರು ಅಧ್ಯಾಯಗಳು. ಅವುಗಳ ಸಂಬಂಧವನ್ನು ಕಡಿದು, ಒಂದೇ ಎಲೆಯಲ್ಲಿ ಬಡಿಸಿದ ಮೂರು ಭಕ್ಷ್ಯಗಳಂತೆ ಪ್ರವಾಸಿಯ ಮುಂದಿಡುವುದು ಈ ಕ್ರಮದ ದೋಷವೆಂದು ಇಲ್ಲಿ ತೋರಿಸಬೇಕಾಗಿದೆ.

ಮೊದಲು ಅವಶೇಷಗಳ ವಿಚಾರ. ಬಸ್ಸು ಪ್ರವಾಸಿಗಳನ್ನು ಮೇಲಣ ಬಾಗಿಲಿನಲ್ಲಿ ಇಳಿಸಿ, ಕೆಳಗಣ ಬಾಗಿಲಿನಲ್ಲಿ ಹತ್ತಿಸಿಕೊಳ್ಳುವುದು. ನಡುವೆ ಇಳಿಜಾರಾದ ಅಮೃತಶಿಲೆಯ ಬೀದಿ. ಅದರ ಕೊನೆಗೆ ಕೆಲ್ಸಸ್ಸನ ಗ್ರಂಥಾಲಯದ ಮುಖಮಂಟಪ. ಅದರಾಚೆ ಇಪ್ಪತ್ತು ಸಾವಿರಕ್ಕೂ ಮಿಕ್ಕ ಜನ ಕುಳಿತುಕೊಳ್ಳಬಹುದಾಗಿದ್ದ ರಂಗಸ್ಥಳ. ಗ್ರಂಥಾಲಯದ ಮುಂದೆ ಎಲ್ಲರೂ ಚಿತ್ರ ತೆಗೆಸಿಕೊಳ್ಳುವರು. ಆದರೆ ಅದು ಗ್ರಂಥಾಲಯವಷ್ಟೇ ಅಲ್ಲ, ಸಮಾಧಿಯೂ ಹೌದು. ರೋಮ್ ಸಾಮ್ರಾಜ್ಯದ ಏಷ್ಯಾ ಪ್ರಾಂತಕ್ಕೆ ಅಧಿಪತಿಯಾಗಿದ್ದ ಕೆಲ್ಸಸ್ಸನ ನೆನಪಿಗಾಗಿ ಅವನ ಮಗ ಅಕ್ವಿಲನು ಕ್ರಿ.ಶ. ೨ನೆಯ ಶತಮಾನದ ಆದಿಭಾಗದಲ್ಲಿ ಅದನ್ನು ಕಟ್ಟಿಸತೊಡಗಿದನು. ಗ್ರಂಥಗಳಿದ್ದ ಶಾಲೆಯ ಕೆಳಗಣ ನೆಲಮಾಳಿಗೆಯಲ್ಲಿ ತಂದೆಯ ಶವಪೆಟ್ಟಿಗೆ ಇದೆ. ಈಗ ನಿಂತಿರುವ ಮುಖಮಂಟಪವು ಬಿದ್ದುಹೋಗಿದ್ದ ಕಲ್ಲುಗಳನ್ನು ಆಸ್ಟ್ರಿಯದ ವಿದ್ವಾಂಸರು ೧೯೭೦ರಿಂದ ೧೯೭೮ರವರೆಗೆ ಒಂದೊಂದಾಗಿ ಕೂಡಿಸಿ ಎತ್ತಿ ನಿಲ್ಲಿಸಿದ್ದು. ಗೂಡುಗಳಲ್ಲಿರುವ ನಾಲ್ಕು ಸ್ತ್ರೀಮೂರ್ತಿಗಳು ಜ್ಞಾನ, ಸದ್ಗುಣ ಮೊದಲಾದವುಗಳ ರೂಪಗಳು. ಅಲ್ಲಿರುವುವು ಪ್ರತಿಕೃತಿಗಳು, ಮೂಲಮೂರ್ತಿಗಳು ವಿಯೆನ್ನಾ ನಗರದಲ್ಲಿವೆ. ಇಷ್ಟನ್ನು ತಿಳಿಯಲು ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಯನ್ನು ಹಳ್ಳಿಯೂಟದ ಗಡಿಯಾರವು ಕಸಿದುಕೊಳ್ಳುತ್ತದೆ.

ಇದಕ್ಕಿಂತ ದೊಡ್ಡ ನಷ್ಟವು ಆರ್ಟೆಮಿಸ್ ದೇವಿಯ ಆಲಯದ್ದು. ಪ್ರಾಚೀನರು ಲೋಕದ ಏಳು ಅದ್ಭುತಗಳಲ್ಲಿ ಎಣಿಸಿದ್ದು ಈ ದೇವಾಲಯವನ್ನೇ. ಎಫೆಸಸ್ ನಗರಕ್ಕೆ ಹೆಸರು ಬಂದದ್ದೂ ಇದರಿಂದಲೇ. ಈಗ ಅಲ್ಲಿರುವುದು ನೀರು ಒಸರುವ ಒಂದು ತಗ್ಗು, ಚೂರುಗಳನ್ನು ಪೇರಿಸಿ ನಿಲ್ಲಿಸಿದ ಒಂದು ಕಂಬ, ಕಂಬದ ತುದಿಯಲ್ಲಿ ಕೊಕ್ಕರೆಯ ಗೂಡು. ನೋಡುವುದಕ್ಕೆ ಏನೂ ಇಲ್ಲವೆಂದು ಅನೇಕ ಬಸ್ಸುಗಳು ಅಲ್ಲಿ ನಿಲ್ಲುವುದೇ ಇಲ್ಲ. ನಿಂತರೂ ಹತ್ತು ನಿಮಿಷ. ಜಾನ್ ಟರ್ಟಲ್ ವುಡ್ ಎಂಬ ಆಂಗ್ಲ ಶಿಲ್ಪಿಯು ಸ್ಮಿರ್ನಾದಿಂದ ಅಯ್ದೀನಿಗೆ ಹೋಗುವ ರೈಲುದಾರಿಯ ಕೆಲಸಕ್ಕೆಂದು ಆ ಸೀಮೆಗೆ ಬಂದವನು, ೧೮೬೩ರಲ್ಲಿ ಈ ಆಲಯವನ್ನು ಹುಡುಕತೊಡಗಿದನು. ವರ್ಷಗಳು ಕಳೆದರೂ ಗುರುತು ಸಿಕ್ಕಲಿಲ್ಲ. ೧೮೬೬ರಲ್ಲಿ ರಂಗಸ್ಥಳದಲ್ಲಿ ಒಂದು ದೀರ್ಘವಾದ ಶಾಸನ ಸಿಕ್ಕಿತು. ಕ್ರಿ.ಶ. ೧೦೪ರಲ್ಲಿ ಸಲುಟಾರಿಸ್ ಎಂಬ ಧನಿಕನು ದತ್ತಿಬಿಟ್ಟು ಏರ್ಪಡಿಸಿದ ಉತ್ಸವದ ವಿವರ ಅದರಲ್ಲಿ ಇದ್ದಿತು: ಚಿನ್ನಬೆಳ್ಳಿಗಳ ಪ್ರತಿಮೆಗಳು ದೇವಾಲಯದಿಂದ ಹೊರಟು ಯಾವ ಬಾಗಿಲಿನಿಂದ ಊರನ್ನು ಹೊಗಬೇಕು, ಯಾವ ಬಾಗಿಲಿನಿಂದ ಹಿಂದಿರುಗಬೇಕು ಎಂಬುದನ್ನು ಅದು ಹೇಳುತ್ತಿದ್ದಿತು. ವುಡ್ಡನು ಆ ಬಾಗಿಲುಗಳನ್ನು ಅಗೆದು ಕಂಡುಹಿಡಿದು, ಉತ್ಸವದ ದಾರಿಯನ್ನೇ ಅನುಸರಿಸುತ್ತ ಹೋಗಿ, ೧೮೬೯ನೆಯ ಡಿಸೆಂಬರ್ ೩೧ರಂದು ಆಳವಾದ ಮಣ್ಣಿನಡಿಯಲ್ಲಿ ಆಲಯದ ನೆಲಗಟ್ಟನ್ನು ಮುಟ್ಟಿದನು. ಒಬ್ಬನು ಆರೇಳು ವರ್ಷ ಜ್ವರವನ್ನೂ ಬಡತನವನ್ನೂ ಲೆಕ್ಕಿಸದೆ ಅರಸಿದ ನೆಲದ ಪಕ್ಕದಲ್ಲಿ, ಊಟ ತಣ್ಣಗಾಗುವುದೆಂದು ಬಸ್ಸು ಮುಂದಕ್ಕೆ ಹೋಗುತ್ತದೆ.

ಆ ಆಲಯವು ಅಷ್ಟು ಆಳದಲ್ಲಿ ಹೂತುಹೋದದ್ದೇಕೆ? ಈ ಪ್ರಶ್ನೆಗೆ ಉತ್ತರ ಹೇಳಿದರೆ ಹಳ್ಳಿಯ ಕಥೆಯೂ ಆರಂಭವಾಗುವುದು. ಎಫೆಸಸ್ ರೇವುಪಟ್ಟಣವಾಗಿದ್ದಿತು. ಕೈಸ್ಟರ್ ನದಿಯು ವರ್ಷವರ್ಷವೂ ಹೊತ್ತುತಂದ ಹೂಳು ರೇವನ್ನು ತುಂಬಿತು. ಪೆರ್ಗಮಮ್ಮಿನ ಅರಸನಾದ ಅಟ್ಟಾಲಸ್ಸನು ರೇವಿನ ಬಾಯನ್ನು ಕಿರಿದುಮಾಡಿ ಒಡ್ಡು ಕಟ್ಟಿಸಿದ್ದರಿಂದ ಹೂಳು ಒಳಗೇ ನಿಂತು ಕೇಡು ಹೆಚ್ಚಿತೆಂದು ಭೂಗೋಳಕಾರನಾದ ಸ್ಟ್ರಾಬೋ ಬರೆದಿರುವನು. ಇಂದು ಸಮುದ್ರವು ಅಲ್ಲಿಂದ ಕೆಲವು ಮೈಲಿ ದೂರಕ್ಕೆ ಸರಿದಿದೆ. ರೇವು ಹೋದ ಮೇಲೆ ವ್ಯಾಪಾರ ಹೋಯಿತು. ಜೌಗಿನಿಂದ ಜ್ವರ ಬಂದಿತು. ಜನರು ಊರನ್ನು ಬಿಟ್ಟು ಅಯಾಸುಲುಕ್ ಗುಡ್ಡದ ಕಡೆಗೆ ಸರಿದರು. ಅಲ್ಲಿ ಜಸ್ಟಿನಿಯನ್ ಚಕ್ರವರ್ತಿಯ ಕಾಲದ ಸಂತ ಯೋಹಾನನ ದೇವಾಲಯವೂ, ಅದರ ಕೆಳಗೆ ೧೩೭೫ರಲ್ಲಿ ಕಟ್ಟಿದ ಈಸಾ ಬೇ ಮಸೀದಿಯೂ ಇವೆ. ಬಳಿಕ ಆ ಸೀಮೆಯ ಗ್ರೀಕ್ ಕ್ರೈಸ್ತರು ಇನ್ನೂ ಎತ್ತರದ ಕಣಿವೆಯೊಂದರಲ್ಲಿ ನೆಲಸಿ ಅಂಜೂರವನ್ನೂ ಎಣ್ಣೆಮರವನ್ನೂ ದ್ರಾಕ್ಷಿಯನ್ನೂ ಬೆಳೆದರು. ಆ ಗ್ರಾಮವೇ ಇಂದಿನ ಷಿರಿಂಜೆ. ಸ್ಟ್ರಾಬೋ ಎಫೆಸಸ್ಸಿನ ದ್ರಾಕ್ಷಾರಸವು ಒಳ್ಳೆಯದೆಂದು ಹೇಳಿರುವನಾದುದರಿಂದ, ಅಲ್ಲಿಯ ಬಟ್ಟಲಿಗೂ ಎರಡು ಸಾವಿರ ವರ್ಷಗಳ ವಂಶಾವಳಿಯುಂಟು.

ಹಳ್ಳಿಯ ಹಳೆಯ ಹೆಸರು ಚಿರ್ಕಿಂಜೆ. ತುರ್ಕಿ ನುಡಿಯಲ್ಲಿ ಅದಕ್ಕೆ ಕುರೂಪವೆಂಬ ಅರ್ಥ ಬರುತ್ತದೆ. ಹೊರಗಿನವರು ಬಾರದಿರಲೆಂದು ಮೊದಲಿನ ನಿವಾಸಿಗಳೇ ಹಾಗೆ ಹೆಸರಿಟ್ಟರೆಂಬುದೊಂದು ಕಥೆ. ೧೯೨೬ರಲ್ಲಿ ಇಜ್ಮಿರ್ ಪ್ರಾಂತದ ಅಧಿಪತಿಯು ಅದನ್ನು ಷಿರಿಂಜೆ, ಎಂದರೆ ಚೆಲುವಾದುದು, ಎಂದು ಮಾರ್ಪಡಿಸಿದನು. ಪ್ರವಾಸದ ಕರಪತ್ರಗಳಲ್ಲಿ ಈ ಕಥೆಯು ತಪ್ಪದೆ ಬರುತ್ತದೆ; ಕೇಳಿದವರೆಲ್ಲರೂ ನಗುವರು. ಆದರೆ ೧೯೨೬ಕ್ಕೆ ಮುಂಚೆ ನಡೆದುದು ನಗುವ ಸಂಗತಿಯಲ್ಲ. ಗ್ರೀಸಿಗೂ ತುರ್ಕಿಗೂ ನಡೆದ ಯುದ್ಧವು ೧೯೨೨ರಲ್ಲಿ ಗ್ರೀಕರ ಸೋಲಿನಲ್ಲಿ ಮುಗಿಯಿತು. ೧೯೨೩ನೆಯ ಜನವರಿ ೩೦ರಂದು ಲೊಸಾನ್ ನಗರದಲ್ಲಿ ಆದ ಒಪ್ಪಂದದಂತೆ, ತುರ್ಕಿಯ ಗ್ರೀಕ್ ಕ್ರೈಸ್ತರು ಗ್ರೀಸಿಗೂ ಗ್ರೀಸಿನ ಮುಸಲ್ಮಾನರು ತುರ್ಕಿಗೂ ಹೋಗಲೇಬೇಕಾಯಿತು. ಆಡುವ ನುಡಿ ಯಾವುದು, ಹುಟ್ಟಿದ ನೆಲ ಯಾವುದು ಎಂದು ಯಾರೂ ಕೇಳಲಿಲ್ಲ; ಮತವೊಂದೇ ಅಳತೆಗೋಲಾಯಿತು. ಮೊದಲೇ ಓಡಿಹೋಗಿದ್ದವರನ್ನೂ ಸೇರಿಸಿ ಆ ಕಡೆಗೆ ಹೋದವರು ಸುಮಾರು ೧೨ ಲಕ್ಷ, ಈ ಕಡೆಗೆ ಬಂದವರು ೪ ಲಕ್ಷದ ಸಮೀಪ. ಈ ಗ್ರಾಮದ ಗ್ರೀಕರೂ ಮನೆಗಳನ್ನೂ ಎರಡು ದೇವಾಲಯಗಳನ್ನೂ ಅಂಜೂರದ ತೋಟಗಳನ್ನೂ ಬಿಟ್ಟುಹೋದರು. ಅವರಲ್ಲಿ ಕೆಲವರು ಉತ್ತರ ಗ್ರೀಸಿನಲ್ಲಿ ನೆಲಸಿದ ಊರಿಗೆ ಹೊಸ ಎಫೆಸಸ್ ಎಂಬ ಹೆಸರೇ ಇದೆ. ಬರಿದಾದ ಮನೆಗಳಿಗೆ ಕವಾಲಾ ಮೊದಲಾದ ಕಡೆಗಳಿಂದ ಮುಸಲ್ಮಾನ ಕುಟುಂಬಗಳು ಬಂದು ಸೇರಿದುವು. ಅವರೂ ತಮ್ಮ ಮನೆಗಳನ್ನು ಕಳೆದುಕೊಂಡವರೇ. ಅಯ್ದೀನಿನಲ್ಲಿ ಹುಟ್ಟಿದ ಡಿಡೊ ಸೊತಿರಿಯು ಎಂಬ ಗ್ರೀಕ್ ಲೇಖಕಿಯು ೧೯೬೨ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ತನ್ನ ಕಥೆಯನ್ನು ಹೇಳುವ ರೈತನು ಈ ಗ್ರಾಮದವನೇ. ಆ ಪುಸ್ತಕವು ತುರ್ಕಿ ಭಾಷೆಗೂ ಬಂದು, ಎರಡು ನಾಡುಗಳಲ್ಲಿಯೂ ಓದುಗರನ್ನು ಪಡೆದಿದೆ.

ಈಗ ಪ್ರವಾಸಿಯ ಮಧ್ಯಾಹ್ನವನ್ನು ನೋಡಬಹುದು. ಬಸ್ಸು ಸೆಲ್ಚುಕ್ಕಿನಿಂದ ಸುಮಾರು ೮ ಕಿಲೋಮೀಟರು ಗುಡ್ಡವನ್ನು ಹತ್ತಿ ಬರುವುದು. ಹಳ್ಳಿಯ ಹೆಂಗಸರು ಕಣಕವನ್ನು ತೆಳ್ಳಗೆ ಲಟ್ಟಿಸಿ, ಸೊಪ್ಪನ್ನೋ ಚೀಸನ್ನೋ ಒಳಗಿಟ್ಟು ಮಡಿಸಿ, ಹೆಂಚಿನ ಮೇಲೆ ಬೇಯಿಸಿಕೊಡುವ ಗ್ಯೊಜ್‌ಲೆಮೆ ಎಂಬ ರೊಟ್ಟಿಯ ಊಟ ಆಗುವುದು. ಆ ಹೆಂಗಸಿನ ಅಜ್ಜಿಯ ತಾಯಿ ಯಾವ ಊರಿನಿಂದ ಬಂದವಳೆಂದು ಕೇಳುವವರಿಲ್ಲ. ಅವಳ ಕೈಬೆರಳುಗಳ ಚಿತ್ರ ಮಾತ್ರ ತೆಗೆಯುವರು. ಬಳಿಕ ಅಂಗಡಿಯಲ್ಲಿ ಪುಟ್ಟ ಪುಟ್ಟ ಬಟ್ಟಲುಗಳು ಸಾಲಾಗಿ ಬರುವುವು: ಹಿಪ್ಪುನೇರಳೆಯದು, ದಾಳಿಂಬೆಯದು, ಪೀಚ್ ಹಣ್ಣಿನದು. ಸಿಹಿಯಾದ ಈ ಹಣ್ಣಿನ ಮದ್ಯಗಳು ಕುಡಿದು ಅಭ್ಯಾಸವಿಲ್ಲದವರಿಗೂ ಹಿಡಿಸುವುವು. ಸ್ಟ್ರಾಬೋ ಹೊಗಳಿದ್ದು ದ್ರಾಕ್ಷಿಯ ರಸವನ್ನೆಂಬುದು ಆ ಗಡಿಬಿಡಿಯಲ್ಲಿ ಯಾರ ನೆನಪಿಗೂ ಬಾರದು. ೨೦೧೨ನೆಯ ಡಿಸೆಂಬರ್ ೨೧ರಂದು ಜಗತ್ತು ಮುಳುಗುವುದು, ಷಿರಿಂಜೆ ಮಾತ್ರ ಉಳಿಯುವುದು ಎಂಬ ಗಾಳಿಮಾತು ಹಬ್ಬಿದಾಗ ಈ ಹಳ್ಳಿಯ ಹೆಸರು ಲೋಕದ ಪತ್ರಿಕೆಗಳಲ್ಲೆಲ್ಲ ಬಂದಿತು. ಬಾರದ ಪ್ರಳಯಕ್ಕೆ ಸಿಕ್ಕಿದಷ್ಟು ಪ್ರಚಾರ ೧೯೨೩ರಲ್ಲಿ ಬಂದ ಪ್ರಳಯಕ್ಕೆ ಸಿಕ್ಕಿಲ್ಲ.

ಇದಕ್ಕೆ ಪ್ರತಿಯಾಗಿ ಹೇಳುವವರ ಮಾತುಗಳನ್ನೂ ನ್ಯಾಯವಾಗಿ ಕೇಳಬೇಕು. ಒಂದನೆಯದಾಗಿ, ದುಡಿದು ಕೂಡಿಟ್ಟ ಹಣದಲ್ಲಿ ಜನ್ಮಕ್ಕೊಮ್ಮೆ ಹೋಗುವವನಿಗೆ ಇರುವುದೇ ಒಂದು ದಿನ. ಅವನು ನೋಡದೆ ಬರಬೇಕೆ ಎನ್ನುವರು. ನೋಡಬೇಕಾದುದೇ. ಆದರೆ ಒಂದೇ ದಿನವಿರುವವನಿಗೆ ಆ ದಿನವು ಹೆಚ್ಚು ಬೆಲೆಯುಳ್ಳದ್ದಾದುದರಿಂದ, ಅದನ್ನು ಮೂರಾಗಿ ಒಡೆದು ಹಂಚುವುದು ಅವನಿಗೇ ಹೆಚ್ಚಿನ ನಷ್ಟ. ಬೇಕಾದಷ್ಟು ದಿನಗಳಿರುವವನು ಒಂದನ್ನು ಕಳೆದುಕೊಂಡರೆ ಚಿಂತೆಯಿಲ್ಲ.

ಎರಡನೆಯದಾಗಿ, ಇದರಿಂದ ಬಡ ಹಳ್ಳಿಗೆ ಜೀವನೋಪಾಯವಾಯಿತು ಎನ್ನುವರು. ಈ ಮಾತಿನಲ್ಲಿ ಸತ್ಯವುಂಟು. ಅಂಗಡಿಯವನನ್ನೂ ರೊಟ್ಟಿ ಲಟ್ಟಿಸುವವಳನ್ನೂ ದೂಷಿಸಿ ಫಲವಿಲ್ಲ. ಆದರೆ ರಾತ್ರಿ ತಂಗುವವನು ಹಾಸಿಗೆಗೆ ಕೊಡುವನು, ರಾತ್ರಿಯ ಊಟಕ್ಕೆ ಕೊಡುವನು, ಮರುದಿನ ತೋಟಕ್ಕೆ ಹೋಗಿ ಅಂಜೂರ ಕೊಳ್ಳುವನು. ಒಂದು ಗಂಟೆ ನಿಲ್ಲುವವನು ಒಂದು ಗಂಟೆಯಲ್ಲಿ ಮಾರಬಹುದಾದುದಕ್ಕೆ ಮಾತ್ರ ಕೊಡುವನು. ಬರುವವರೆಲ್ಲರೂ ಒಂದು ಗಂಟೆಯವರೇ ಆದರೆ, ಹಳ್ಳಿಯು ಕ್ರಮೇಣ ಒಂದು ಗಂಟೆಯಲ್ಲಿ ಮಾರಿಹೋಗುವ ವಸ್ತುಗಳ ಬೀದಿಯಾಗಿ ಉಳಿಯುವುದು. ತೋಟವನ್ನು ಉಳುವವನಿಗೆ ಅದರಿಂದ ದೊರೆಯುವುದೇನು?

ಮೂರನೆಯ ಆಕ್ಷೇಪವೇ ಬಲವಾದುದು. ಎಫೆಸಸ್ ಎಂದೂ ಹೀಗೆಯೇ ಇದ್ದಿತು. ಯಾತ್ರೆ, ಊಟ, ಪಾನ, ವ್ಯಾಪಾರ ಎಲ್ಲವೂ ಅಲ್ಲಿ ಕೂಡಿಯೇ ನಡೆಯುತ್ತಿದ್ದುವು ಎನ್ನುವರು. ನಿಜವೆ. ಆರ್ಟೆಮಿಸ್ ದೇವಿಯ ಬೆಳ್ಳಿಯ ಗುಡಿಗಳನ್ನು ಮಾಡಿ ಮಾರುತ್ತಿದ್ದ ಅಕ್ಕಸಾಲಿಗರು, ಸಂತ ಪೌಲನ ಬೋಧನೆಯಿಂದ ತಮ್ಮ ಕಸುಬಿಗೆ ಕೇಡಾಗುವುದೆಂದು ಹೆದರಿ, ಜನರನ್ನು ಕೆರಳಿಸಿ ಇದೇ ರಂಗಸ್ಥಳದಲ್ಲಿ ದೊಂಬಿಯೆಬ್ಬಿಸಿದ ವೃತ್ತಾಂತವು ಕ್ರೈಸ್ತರ ಧರ್ಮಗ್ರಂಥದಲ್ಲಿಯೇ ಇದೆ. ಆದರೆ ಆ ಬೆಳ್ಳಿಯ ಗುಡಿಯನ್ನು ಕೊಂಡವನು ದೇವಿಯ ಬಳಿಗೆ ಬಂದವನಾಗಿದ್ದನು. ಅವನು ಕೊಂಡ ವಸ್ತುವಿಗೂ ಅವನು ಬಂದ ಕಾರಣಕ್ಕೂ ಸಂಬಂಧವಿದ್ದಿತು. ಸಲುಟಾರಿಸ್ಸನ ಉತ್ಸವದಲ್ಲಿ ನಡೆದವರಿಗೆ ಆಲಯ, ಬಾಗಿಲು, ಬೀದಿ, ರಂಗಸ್ಥಳ ಇವೆಲ್ಲವೂ ಒಂದೇ ದಾರಿಯ ನಿಲುಗಡೆಗಳಾಗಿದ್ದುವು. ಈಗಿನ ಪ್ರವಾಸಿಗೆ ಕೊಡುವ ಸೀಸೆಗೂ ಅವನು ಬೆಳಗ್ಗೆ ಕಂಡ ಕಲ್ಲಿಗೂ ಏನು ಸಂಬಂಧವೆಂದು ಹೇಳುವವರಿಲ್ಲದಿರುವುದೇ ಇಲ್ಲಿಯ ದೂರು.

ಹಾಗಾದರೆ ಮಾಡತಕ್ಕದ್ದೇನು? ಹಂಪೆಯನ್ನು ಅರ್ಧ ಹಗಲಿನಲ್ಲಿ ಮುಗಿಸಿ ಬಂದೆನೆಂದು ಪರದೇಶದವನೊಬ್ಬನು ಹೆಮ್ಮೆಯಿಂದ ಹೇಳಿದರೆ ಕನ್ನಡಿಗನ ಮನಸ್ಸಿಗೆ ಏನಾಗುವುದೆಂಬುದನ್ನು ನೆನೆದರೆ ಉತ್ತರ ತಾನಾಗಿ ಹೊಳೆಯುವುದು. ಒಂದೇ ದಿನವಿದ್ದರೆ, ಬಯಲಿನಲ್ಲಿಯೇ ಅದನ್ನು ಕಳೆಯಬಹುದು. ಮೊದಲು ಆ ಒಂಟಿ ಕಂಬದ ಬಳಿ ನಿಂತು, ಬಳಿಕ ಅಯಾಸುಲುಕ್ ಗುಡ್ಡವನ್ನು ಹತ್ತಿದರೆ, ಆಲಯದ ತಗ್ಗು, ಮಸೀದಿ, ಕ್ರೈಸ್ತ ದೇವಾಲಯ ಮೂರೂ ಒಂದೇ ನೋಟಕ್ಕೆ ಸಿಕ್ಕುವುವು. ಅವುಗಳ ಆಚೆ ಒಮ್ಮೆ ನೀರಿದ್ದ ಬಯಲು ಹಸುರಾಗಿ ಹಬ್ಬಿರುವುದು ಕಾಣುವುದು. ಸೆಲ್ಚುಕ್ಕಿನ ವಸ್ತುಸಂಗ್ರಹಾಲಯದಲ್ಲಿ, ೧೯೫೬ರಲ್ಲಿ ದೊರೆತ ದೇವಿಯ ಅಮೃತಶಿಲೆಯ ಮೂರ್ತಿಗಳಿವೆ. ಇವನ್ನು ಕಂಡ ಬಳಿಕ ನಗರವನ್ನು ಹೊಕ್ಕರೆ ಆ ಬೀದಿಗಳು ಬೇರೆಯಾಗಿ ತೋರುವುವು. ಹಳ್ಳಿಗೆ ಹೋಗಬೇಕೆಂಬ ಆಸೆಯಿದ್ದರೆ, ಅದಕ್ಕೆಂದೇ ಇನ್ನೊಂದು ದಿನವನ್ನಿಟ್ಟುಕೊಂಡು, ಕೊನೆಯ ಬಸ್ಸು ಇಳಿದುಹೋದ ಮೇಲೆ ಅಲ್ಲಿ ಒಂದು ರಾತ್ರಿ ತಂಗಬೇಕು. ಎರಡಕ್ಕೂ ಅವಕಾಶವಿಲ್ಲದವನು ಒಂದನ್ನು ಬಿಡಬೇಕು. ಬಿಟ್ಟದ್ದರ ವಿಷಯವಾಗಿ ಮನೆಯಲ್ಲಿ ಕುಳಿತು ಓದಿಕೊಳ್ಳಬಹುದು.

ರುಚಿ ನೋಡುವವನ ಕೈಯಲ್ಲಿ ಬಟ್ಟಲಿರುವಾಗ ಅವನು ಅಂಗಡಿಯವನನ್ನು ಒಂದು ಪ್ರಶ್ನೆ ಕೇಳಿದರೂ ಸಾಕು: ಈ ಮನೆಯನ್ನು ಕಟ್ಟಿದವರು ಯಾರು, ಅವರೀಗ ಎಲ್ಲಿರುವರು? ಅಂಗಡಿಯವನಿಗೆ ಉತ್ತರವು ಗೊತ್ತಿರುವುದು. ಏಕೆಂದರೆ ಅದು ಅವನ ಮುತ್ತಜ್ಜನ ಕಥೆಯೂ ಹೌದು. ಆದರೆ ಅದನ್ನು ಹೇಳಿ ಮುಗಿಸಲು ಹತ್ತು ನಿಮಿಷ ಸಾಲದು. ಹೊರಗೆ ಬಸ್ಸಿನವನು ಕೊಂಬು ಊದುತ್ತಿರುವನು.