ವಾಟರ್ ಮೆಟ್ರೋಗೂ ಮೊದಲು ಬೆಂಗ್ರೆ ಫೆರಿಗೆ ಬಡಿಯುವ ಅಲೆಯ ಲೆಕ್ಕವಾಗಲಿ

ಮಂಗಳೂರು: ನೇತ್ರಾವತಿ, ಗುರುಪುರ ನದಿಗಳಲ್ಲಿ ವಾಟರ್ ಮೆಟ್ರೋ ಓಡಿಸುವ ಪ್ರಸ್ತಾವದ ಮಾತು ಬಂದಾಗಲೆಲ್ಲ ನಿಲ್ದಾಣ ಎಲ್ಲಿ, ಖರ್ಚೆಷ್ಟು ಎಂಬುದೇ ಮುಂದೆ ಬರುತ್ತದೆ. ಅದೇ ನೀರಲ್ಲಿ ಈಗಾಗಲೇ ಓಡಾಡ್ತಿರುವ ಸಣ್ಣ ದೋಣಿಗಳ ವಿಷಯ ಹಿಂದೆ ಬೀಳುತ್ತದೆ.

ಧಕ್ಕೆಯ ಎದುರಿನ ನದಿ ಈಗಲೇ ಕಿಕ್ಕಿರಿದಿದೆ. ಟ್ರಾಲ್ ಬೋಟ್, ಪರ್ಸೀನ್ ಬೋಟ್, ಲಕ್ಷದ್ವೀಪಕ್ಕೆ ಸರಕು ಒಯ್ಯುವ ಹಡಗು, ನಾಡದೋಣಿ ಎಲ್ಲಕ್ಕೂ ಅಳಿವೆ ಬಾಗಿಲು ಒಂದೇ. ಇವುಗಳ ದಾರಿಗೆ ಅಡ್ಡವಾಗಿ ಬಂದರಿನಿಂದ ಬೆಂಗ್ರೆಗೆ ಫೆರಿ ಹೋಗಬೇಕು. ಒಂದು ಕಡೆ ಕಡಲು, ಇನ್ನೊಂದು ಕಡೆ ನದಿ ಇರುವ ಬೆಂಗ್ರೆಯವರಿಗೆ ಫೆರಿ ಬಿಟ್ಟರೆ ಕೂಳೂರು ಮೂಲಕ ಸುತ್ತು ಹಾಕುವುದೇ ಗತಿ.

ದೊಡ್ಡ ಬೋಟು ಡಿಕ್ಕಿ ಹೊಡೆದರೆ ಸುದ್ದಿಯಾಗುತ್ತದೆ. 2024ರ ಡಿಸೆಂಬರ್ 18ರಂದು ಮುಂಬೈಯಲ್ಲಿ ನೌಕಾಪಡೆಯ ಬೋಟು ಎಲಿಫೆಂಟಾಗೆ ಹೊರಟಿದ್ದ ಪ್ರವಾಸಿ ಫೆರಿಗೆ ಗುದ್ದಿದ್ದು ದೇಶಕ್ಕೇ ಗೊತ್ತು. ಬೋಟು ಮುಟ್ಟದೆಯೇ ಹೋಗಿ, ಅದರ ಹಿಂದಿನ ಅಲೆ ಬಂದು ಬಡಿದರೆ ಲೆಕ್ಕಕ್ಕೆ ಬರೋದಿಲ್ಲ.

ಅಲೆಯ ಎತ್ತರ ಎರಡು ಪಟ್ಟಾದರೆ ಅದರ ಹೊಡೆತದ ಶಕ್ತಿ ನಾಲ್ಕು ಪಟ್ಟು. ಹೂಳು ತುಂಬಿ ಆಳ ಕಡಿಮೆಯಾದಲ್ಲಿ ಇನ್ನೂ ಕಷ್ಟ. ಮೂರು ಮೀಟರ್ ಆಳದ ನೀರಲ್ಲಿ ಅಲೆ ಓಡಬಹುದಾದ ಗರಿಷ್ಠ ವೇಗ ಗಂಟೆಗೆ ಸುಮಾರು 20 ಕಿ.ಮೀ., ಎರಡು ಮೀಟರ್‌ನಲ್ಲಿ 16. ಬೋಟಿನ ವೇಗ ಇದರ ಹತ್ತಿರ ಬಂದಂತೆ ಹಿಂದಿನ ಅಲೆ ದಿಢೀರನೆ ದೊಡ್ಡದಾಗುತ್ತದೆ. ಸ್ಪೀಡ್ ಬೋಟಿನದು ಬೇರೆಯೇ ಆಟ: ಪೂರ್ತಿ ವೇಗದಲ್ಲಿ ನೀರ ಮೇಲೆ ಜಾರಿಕೊಂಡು ಹೋಗುವ ಅದು, ಅರ್ಧ ವೇಗಕ್ಕೆ ಇಳಿದಾಗ ಹಿಂಭಾಗ ಕುಸಿದು ಇನ್ನೂ ದೊಡ್ಡ ಅಲೆ ಎಬ್ಬಿಸುತ್ತದೆ. ಜೆಟ್ಟಿ ಹತ್ತಿರ ಬಂದಮೇಲೆ ಸ್ವಲ್ಪ ಸ್ಲೋ ಮಾಡಿದ್ರೆ ಆಯ್ತು ಅನ್ನೋದು ತಪ್ಪು ಲೆಕ್ಕ. ಸಾಕಷ್ಟು ಮೊದಲೇ, ಚೆನ್ನಾಗಿ ಇಳಿಸಬೇಕು.

ಸಣ್ಣ ದೋಣಿಯವರ ಕೈಲಿರುವ ಉಪಾಯ ಹಳೆಯದೇ. ಅಲೆ ಮಗ್ಗುಲಿಗೆ ಬಡಿಯಲು ಬಿಡಬಾರದು, ದೋಣಿಯ ಮೂತಿಯನ್ನು ಅಲೆಗೆ ಸ್ವಲ್ಪ ಓರೆಯಾಗಿ ತಿರುಗಿಸಬೇಕು. ವೇಗ ಇಳಿಸಬೇಕು, ಆದರೆ ಚುಕ್ಕಾಣಿ ಮಾತು ಕೇಳುವಷ್ಟು ಓಟ ಇರಲೇಬೇಕು. ಜನ ಕೂತೇ ಇರಬೇಕು. ಕಷ್ಟ ಇರೋದು ಇಲ್ಲೇ: ದೊಡ್ಡ ಬೋಟು ಹೋಯ್ತು ಅಂತ ಜನ ಇಳಿಯಲು ಎದ್ದು ನಿಲ್ಲುವ ಹೊತ್ತಿಗೇ ಅಲೆ ಬರುತ್ತದೆ, ಧಕ್ಕೆಯ ಗೋಡೆಗೆ ಬಡಿದು ಇನ್ನೊಮ್ಮೆ ಮರಳುತ್ತದೆ.

ಅಂತರರಾಷ್ಟ್ರೀಯ ನೌಕಾ ನಿಯಮಗಳ 6ನೇ ನಿಯಮ ಸುರಕ್ಷಿತ ವೇಗ ಕೇಳುತ್ತದೆ, ಆದರೆ ಅದರ ಮಾತೆಲ್ಲ ಡಿಕ್ಕಿ ತಪ್ಪಿಸುವುದರ ಬಗ್ಗೆ. ಕಿರಿದಾದ ಕಾಲುವೆಯಲ್ಲಿ, ಅದನ್ನು ಬಿಟ್ಟು ಹೋಗಲಾಗದ ಹಡಗಿಗೆ 20 ಮೀಟರ್‌ಗಿಂತ ಚಿಕ್ಕ ದೋಣಿಗಳು ಅಡ್ಡಿಯಾಗಬಾರದು ಎನ್ನುತ್ತದೆ 9ನೇ ನಿಯಮ. ಹೊರೆ ಬೀಳುವುದು ಸಣ್ಣವರ ಮೇಲೆಯೇ.

2023ರ ಏಪ್ರಿಲ್‌ನಲ್ಲಿ ಶುರುವಾದ ಕೊಚ್ಚಿ ವಾಟರ್ ಮೆಟ್ರೋದಲ್ಲಿ ಓಡುವುದು ಅವಳಿ ಒಡಲಿನ ಕ್ಯಾಟಮರಾನ್. ತೆಳುವಾದ ಒಡಲು ನೀರನ್ನು ಕಡಿಮೆ ತಳ್ಳುತ್ತದೆ. ಇಲ್ಲಿಗೂ ಅಂಥದ್ದೇ ತಂದರೂ ಟ್ರಾಲ್ ಬೋಟುಗಳ ಅಲೆ ತಗ್ಗುವುದಿಲ್ಲ. ಧಕ್ಕೆಯಿಂದ ಅಳಿವೆವರೆಗೆ ಎಲ್ಲರಿಗೂ ಒಂದೇ ವೇಗಮಿತಿ ಬೇಕು, ಅದನ್ನು ಮೀಟರ್ ನೋಡಿ ಅಲ್ಲ, ಜೆಟ್ಟಿಯಲ್ಲಿ ಏಳುವ ಅಲೆ ನೋಡಿ ನಿಗದಿ ಮಾಡಬೇಕು. ಅಳೆಯಬೇಕಾದ್ದು ಇಳಿತದ ಹೊತ್ತಲ್ಲಿ, ಬೋಟುಗಳು ಮೀನು ಹೊತ್ತು ಮರಳುವಾಗ, ಬೆಂಗ್ರೆ ಬದಿಯಲ್ಲಿ ನಿಂತು.