ಯೂರಿಯಾ ಚೀಲದ ಹಿಂದಿನ ಹೈಡ್ರೋಜನ್

ಬೆಳಗಾವಿ ಜಿಲ್ಲೆಯ ಮೇಲವಂಕಿಯ ಕಡೆ ಒಂದು ಎಕರೆ ಕಬ್ಬಿಗೆ ಶಿಫಾರಸಿನ ಲೆಕ್ಕದಲ್ಲಿ ಸುಮಾರು 100 ಕಿಲೋ ಸಾರಜನಕ ಬೇಕು. ಅಷ್ಟನ್ನೂ ಯೂರಿಯಾದಲ್ಲೇ ಕೊಟ್ಟರೆ 45 ಕಿಲೋದ ಐದು ಚೀಲ ಆಗುತ್ತದೆ. ಒಂದೊಂದು ಚೀಲ ತಯಾರಾಗುವಾಗಲೂ ನಾಲ್ಕೂವರೆ ಕಿಲೋ ಹೈಡ್ರೋಜನ್ ಖರ್ಚಾಗಿರುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ರೈತರು ಹೈಡ್ರೋಜನ್ ಕಾರನ್ನೋ ರೈಲನ್ನೋ ಕಂಡಿರಲಿಕ್ಕಿಲ್ಲ. ಆದರೆ ಎಕರೆಗೆ ಇಪ್ಪತ್ತೆರಡು ಕಿಲೋ ಹೈಡ್ರೋಜನ್‌ನ ಕೆಲಸವನ್ನು ಪ್ರತಿವರ್ಷ ಸೊಸೈಟಿಯಿಂದ ಹೊತ್ತು ತಂದು ಹೊಲಕ್ಕೆ ಚೆಲ್ಲುತ್ತಿದ್ದಾರೆ. ಮುಂದಿನ ದಿನಗಳಲ್ಲಿ ಹೈಡ್ರೋಜನ್ ಏನು ಮಾಡಬೇಕು ಎಂಬ ಚರ್ಚೆ ಇಲ್ಲಿಂದ ಶುರುವಾಗಬೇಕೆಂಬುದು ನನ್ನ ವಾದ.

ಆ ಹೈಡ್ರೋಜನ್ ಇಂದು ಬರುವುದು ನೈಸರ್ಗಿಕ ಅನಿಲದಿಂದ. ಅನಿಲವನ್ನು ಹಬೆಯೊಡನೆ ಕಾಯಿಸಿ ಒಂದು ಕಿಲೋ ಹೈಡ್ರೋಜನ್ ಪಡೆಯುವಷ್ಟರಲ್ಲಿ ಒಂಬತ್ತು ಹತ್ತು ಕಿಲೋ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಹಾಗೆ ಹುಟ್ಟಿದ್ದರಲ್ಲಿ 33 ಕಿಲೋದಷ್ಟನ್ನು ಪ್ರತಿ ಚೀಲದ ಯೂರಿಯಾದಲ್ಲೇ ಕಟ್ಟಿಹಾಕುತ್ತಾರೆ. ಹೊಲಕ್ಕೆ ಬಿದ್ದು ಕರಗಿದ ಮೇಲೆ ಅದೂ ಕೆಲವೇ ದಿನಗಳಲ್ಲಿ ಗಾಳಿಗೆ ಸೇರುತ್ತದೆ. ಮಂಗಳೂರಿನ ಪಣಂಬೂರಿನಲ್ಲಿರುವ ಕಾರ್ಖಾನೆ ಮೊದಲು ನಾಫ್ತಾದಿಂದ ಯೂರಿಯಾ ಮಾಡುತ್ತಿತ್ತು. 2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಕೊಳವೆಮಾರ್ಗದಿಂದಾಗಿ ಅದು ಅನಿಲಕ್ಕೆ ಬಂತು. ದೇಶದ ಯೂರಿಯಾ ಕಾರ್ಖಾನೆಗಳು ಬಳಸುವ ಅನಿಲದ ದೊಡ್ಡ ಪಾಲು ಹಡಗಿನಲ್ಲಿ ಹೊರಗಿನಿಂದ ಬರುತ್ತದೆ. ರೈತ ಕೊಡುವುದು ಚೀಲಕ್ಕೆ ₹266.50, ನಿಜವಾದ ವೆಚ್ಚ ಅದರ ಹಲವು ಪಟ್ಟು. ಆ ಅಂತರವನ್ನು ಬೊಕ್ಕಸ ತುಂಬುತ್ತದೆ. ಇಷ್ಟಾದರೂ 2025ರ ಮುಂಗಾರಿನಲ್ಲಿ ರಾಜ್ಯದ ಹಲವೆಡೆ ರೈತರು ಗೊಬ್ಬರದಂಗಡಿಯ ಮುಂದೆ ಸಾಲು ನಿಲ್ಲಬೇಕಾಯಿತು.

ಹೈಡ್ರೋಜನ್ ಬಗ್ಗೆ ಮಾತನಾಡುವಾಗ ಮೊದಲು ತಿಳಿದಿರಬೇಕಾದದ್ದು ಒಂದಿದೆ. ಕಲ್ಲಿದ್ದಲಿನಂತೆ, ಗಾಳಿ ಬಿಸಿಲಿನಂತೆ ಅದು ತಾನಾಗಿ ಸಿಗುವ ಶಕ್ತಿ ಅಲ್ಲ. ಬೇರೆ ಶಕ್ತಿಯನ್ನು ಸುರಿದು ಅದನ್ನು ತಯಾರಿಸಬೇಕು. ವಿದ್ಯುತ್ತಿನಿಂದ ನೀರನ್ನು ಒಡೆದು ಒಂದು ಕಿಲೋ ಹೈಡ್ರೋಜನ್ ಮಾಡಲು 50ರಿಂದ 55 ಯೂನಿಟ್ ಬೇಕು. ಅದೇ ಒಂದು ಕಿಲೋದಲ್ಲಿ ಉಳಿಯುವ ಶಕ್ತಿ 33 ಯೂನಿಟ್. ಅದನ್ನು ಒತ್ತಿ ತುಂಬಿಸಿ, ಸಾಗಿಸಿ, ವಾಹನದಲ್ಲಿ ಮತ್ತೆ ವಿದ್ಯುತ್ ಮಾಡಿ ಚಕ್ರ ತಿರುಗಿಸುವ ಹೊತ್ತಿಗೆ ಹಾಕಿದ್ದರಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು ಉಳಿದರೆ ದೊಡ್ಡದು. ಬ್ಯಾಟರಿಗೆ ನೇರವಾಗಿ ತುಂಬಿದರೆ ಮುಕ್ಕಾಲು ಭಾಗ ಚಕ್ರ ಮುಟ್ಟುತ್ತದೆ. ಹಾಗಾಗಿ ಕಾರು, ಊರಿನ ಬಸ್ಸು, ಹೊಲದಿಂದ ಕಾರ್ಖಾನೆಗೆ ಕಬ್ಬು ಎಳೆಯುವ ಟ್ರ್ಯಾಕ್ಟರ್ ಇವೆಲ್ಲ ಬ್ಯಾಟರಿಗೆ ಸೇರಿದವು. ಅಡುಗೆ ಅನಿಲದ ಕೊಳವೆಗೆ ಹೈಡ್ರೋಜನ್ ಬೆರೆಸುವ ಆಲೋಚನೆಯೂ ಹೀಗೆಯೇ. ಗಾತ್ರದಲ್ಲಿ ನೂರಕ್ಕೆ ಇಪ್ಪತ್ತು ಬೆರೆಸಿದರೂ ಮಾಲಿನ್ಯ ತಗ್ಗುವುದು ಏಳರಷ್ಟು ಮಾತ್ರ. ಕರೆಂಟ್ ಒಲೆ ಇದಕ್ಕಿಂತ ಎಷ್ಟೋ ಮೇಲು.

ವಿದ್ಯುತ್ತು ನೇರವಾಗಿ ಮಾಡಲಾಗದ ಕೆಲಸಗಳು ಬೇರೆ ಇವೆ. ಕಬ್ಬಿಣದ ಅದಿರಿನಿಂದ ಆಮ್ಲಜನಕ ಬಿಡಿಸಲು ಇಂದಿನ ಕಾರ್ಖಾನೆಗಳಲ್ಲಿ ಇಂಗಾಲವೋ ಹೈಡ್ರೋಜನ್ನೋ ಬೇಕೇ ಬೇಕು. ಗಾಳಿಯ ಸಾರಜನಕವನ್ನು ಅಮೋನಿಯ ಮಾಡಲು ಹೈಡ್ರೋಜನ್ ಬಿಟ್ಟು ಗತಿಯಿಲ್ಲ. ಮಂಗಳೂರಿನ ಎಂಆರ್‌ಪಿಎಲ್‌ನಂಥ ಸಂಸ್ಕರಣಾಗಾರಗಳಲ್ಲಿ ಡೀಸೆಲ್‌ನ ಗಂಧಕ ತೆಗೆಯುವುದೂ ಅದೇ. ಜಗತ್ತು 2023ರಲ್ಲಿ ಬಳಸಿದ ಸುಮಾರು 9.7 ಕೋಟಿ ಟನ್ ಹೈಡ್ರೋಜನ್ ಬಹುಪಾಲು ಇಂಥ ಕೆಲಸಗಳಿಗೇ ಹೋಯಿತು. ಅದರಲ್ಲಿ ಶುದ್ಧವಾಗಿ ತಯಾರಾದದ್ದು ನೂರಕ್ಕೆ ಒಂದರಷ್ಟೂ ಇಲ್ಲ. ಈಗಾಗಲೇ ಹೊಗೆಯುಗುಳುತ್ತ ತಯಾರಾಗುತ್ತಿರುವ ಇಷ್ಟೊಂದು ಹೈಡ್ರೋಜನ್ ಅನ್ನು ಶುದ್ಧ ಮಾಡುವ ಮೊದಲೇ ಅದಕ್ಕೆ ಹೊಸ ಹೊಸ ಗಿರಾಕಿಗಳನ್ನು ಹುಡುಕುವುದರಲ್ಲಿ ಅರ್ಥವಿಲ್ಲ.

ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆಯಲ್ಲಿ 2025ರಲ್ಲಿ ವರ್ಷಕ್ಕೆ 3,800 ಟನ್ ಸಾಮರ್ಥ್ಯದ ಹಸಿರು ಹೈಡ್ರೋಜನ್, ಅಂದರೆ ಶುದ್ಧ ವಿದ್ಯುತ್ತಿನಿಂದ ನೀರು ಒಡೆದು ಪಡೆಯುವ ಹೈಡ್ರೋಜನ್, ಘಟಕ ಶುರುವಾಯಿತು. ದೇಶದ ಮಟ್ಟಿಗೆ ಇದು ದೊಡ್ಡ ಹೆಜ್ಜೆ. ಒಂದು ಟನ್ ಉಕ್ಕಿಗೆ ಐವತ್ತರಿಂದ ಅರವತ್ತು ಕಿಲೋ ಹೈಡ್ರೋಜನ್ ಬೇಕೆಂದರೆ, ಈ ಘಟಕದಿಂದ ಪೂರ್ತಿಯಾಗಿ ಶುದ್ಧವಾಗಬಹುದಾದ ಉಕ್ಕು ಎಪ್ಪತ್ತು ಸಾವಿರ ಟನ್ನಿನ ಆಸುಪಾಸು. ಕಾರ್ಖಾನೆ ತಯಾರಿಸುವುದು ವರ್ಷಕ್ಕೆ ಕೋಟಿ ಟನ್ ಮೀರಿ. ದಾರಿ ಎಷ್ಟು ಉದ್ದವಿದೆ ಎಂಬುದು ಇಷ್ಟರಲ್ಲೇ ತಿಳಿಯುತ್ತದೆ.

ಇನ್ನೂ ಕಠಿಣವಾದ ಲೆಕ್ಕ ಒಂದಿದೆ. ಬಿಸಿಲಿನಿಂದ ಬಂದ 52 ಯೂನಿಟ್ ವಿದ್ಯುತ್ತನ್ನು ಹೈಡ್ರೋಜನ್‌ಗೆ ಹಾಕಿ ಅನಿಲದ ಹೈಡ್ರೋಜನ್ ತಪ್ಪಿಸಿದರೆ ಗಾಳಿಗೆ ಸೇರದೆ ಉಳಿಯುವುದು ಹತ್ತು ಕಿಲೋ ಇಂಗಾಲದ ಡೈಆಕ್ಸೈಡ್. ಅದೇ 52 ಯೂನಿಟ್‌ಗಳನ್ನು ವಿದ್ಯುತ್ ಜಾಲಕ್ಕೆ ಕೊಟ್ಟು ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಉರಿಯುವ ಕಲ್ಲಿದ್ದಲನ್ನು ತಗ್ಗಿಸಿದರೆ 45 ಕಿಲೋ ಮೀರಿ ಉಳಿಯುತ್ತದೆ. ಕಲ್ಲಿದ್ದಲು ಉರಿಯುತ್ತಿರುವಷ್ಟು ದಿನ ಹೈಡ್ರೋಜನ್‌ಗೆ ಕರೆಂಟ್ ಕೊಡುವುದು ನಾಲ್ಕೈದು ಪಟ್ಟು ನಷ್ಟದ ಬಾಬತ್ತು. ಇದನ್ನು ಮುಚ್ಚಿಟ್ಟು ಹಸಿರು ಹೈಡ್ರೋಜನ್ ಹೊಗಳುವುದು ಪ್ರಾಮಾಣಿಕವಾಗದು.

ಹಾಗಾದರೆ ಕೈಬಿಡೋಣವೇ? ಇಲ್ಲ. ಉತ್ತರ ಗಡಿಯಾರದಲ್ಲಿದೆ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್‌ನಂಥವು ಬೆಳೆದಂತೆ ಕರ್ನಾಟಕದಲ್ಲಿ ಮಧ್ಯಾಹ್ನದ ವಿದ್ಯುತ್ತು ಬೇಡಿಕೆಯನ್ನು ಮೀರುವ ಗಳಿಗೆಗಳು ಹೆಚ್ಚುತ್ತವೆ, ಸಂಜೆ ಏಳಕ್ಕೆ ಮತ್ತೆ ಎಳೆದಾಟ. ಮಧ್ಯಾಹ್ನದ್ದನ್ನು ಸಂಜೆಗೆ ಎತ್ತಿಡಲು ಹೈಡ್ರೋಜನ್ ಬೇಡ. ಸವದತ್ತಿಯ ಬಳಿ ಕಟ್ಟುತ್ತಿರುವಂಥ ಪಂಪ್ಡ್ ಸ್ಟೋರೇಜ್, ಅಂದರೆ ನೀರನ್ನು ಮೇಲಕ್ಕೆತ್ತಿ ಮತ್ತೆ ಇಳಿಸುವ ವ್ಯವಸ್ಥೆ, ಹಾಕಿದ್ದರಲ್ಲಿ ಮುಕ್ಕಾಲು ಭಾಗ ಹಿಂದಿರುಗಿಸುತ್ತದೆ. ಹೈಡ್ರೋಜನ್ ಮೂಲಕ ಮೂರನೇ ಒಂದು ಭಾಗ ಬಂದರೆ ಹೆಚ್ಚು. ಯುರೋಪಿನವರಿಗೆ ಬಿಸಿಲಿಲ್ಲದ ದೀರ್ಘ ಚಳಿಗಾಲ ಕಳೆಯಬೇಕಾದ್ದರಿಂದ ತಿಂಗಳುಗಟ್ಟಲೆ ಶಕ್ತಿ ಕೂಡಿಡುವ ಚಿಂತೆ. ನಮ್ಮಲ್ಲಿ ಮೋಡ ಕವಿಯುವ ಆಷಾಢ ಶ್ರಾವಣದಲ್ಲೇ ಗಾಳಿ ಜೋರು. ನಮ್ಮ ಹೈಡ್ರೋಜನ್ ಅವರದ್ದರ ನಕಲಾಗಬೇಕಿಲ್ಲ. ಜಾಲಕ್ಕೆ ಬೇಡವಾದ ಹೊತ್ತಿನ ವಿದ್ಯುತ್ತಿನಿಂದ ಅದು ತಯಾರಾಗಲಿ, ತಯಾರಾದದ್ದು ಗೊಬ್ಬರಕ್ಕೂ ಉಕ್ಕಿಗೂ ಹೋಗಲಿ. 2023ರ ಜನವರಿಯಲ್ಲಿ ₹19,744 ಕೋಟಿಯೊಡನೆ ಮಂಜೂರಾದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ ಇಟ್ಟಿದೆ. ಎಷ್ಟು ಟನ್ ಎಂಬುದಕ್ಕಿಂತ ಯಾವ ಹೊತ್ತಿನ ಕರೆಂಟಿನಿಂದ, ಯಾರ ಬಳಕೆಗೆ ಎಂಬುದು ಮುಖ್ಯ.

ಈ ದಾರಿ ಹೊಸದೇನಲ್ಲ. ಭಾರತದ ಮೊದಲ ಸಂಶ್ಲೇಷಿತ ಅಮೋನಿಯ ಕಾರ್ಖಾನೆ ಹುಟ್ಟಿದ್ದು ಮೈಸೂರು ಸಂಸ್ಥಾನದ ಕಾಲದಲ್ಲಿ, ಬೆಳಗೊಳದಲ್ಲಿ. 1947ರಲ್ಲಿ ಕೇರಳದ ಆಲುವಾ ಬಳಿ ಶುರುವಾದ ಫ್ಯಾಕ್ಟ್ ಕಾರ್ಖಾನೆ ಕಟ್ಟಿಗೆಯನ್ನು ಅನಿಲ ಮಾಡಿ ಅದರಿಂದ ಹೈಡ್ರೋಜನ್ ಪಡೆಯುತ್ತಿತ್ತು. 1960ರ ದಶಕದ ಆರಂಭದಲ್ಲಿ ಪಂಜಾಬಿನ ನಂಗಲ್‌ನಲ್ಲಿ ಭಾಕ್ರಾದ ಜಲವಿದ್ಯುತ್ತಿನಿಂದ ನೀರು ಒಡೆದು ಗೊಬ್ಬರ ಮಾಡಿದರು, ಜೊತೆಗೆ ಅಣುಶಕ್ತಿಗೆ ಬೇಕಾದ ಭಾರಜಲವೂ ಸಿಕ್ಕಿತು. ಇಂದು ಹಸಿರು ಅಮೋನಿಯ ಎಂದು ಹೊಸದಾಗಿ ಕೊಂಡಾಡುವುದು ಅರವತ್ತು ವರ್ಷಗಳ ಹಿಂದೆಯೇ ಈ ನೆಲದಲ್ಲಿ ನಡೆದಿತ್ತು. ನಿಂತದ್ದೇಕೆ? ಆ ವಿದ್ಯುತ್ತಿಗೆ ಪಂಪ್‌ಸೆಟ್ಟು, ಊರು, ಕಾರ್ಖಾನೆಗಳಿಂದ ಬೇಡಿಕೆ ಬಂತು. ಎಣ್ಣೆ ಮತ್ತು ಅನಿಲದಿಂದ ಹೈಡ್ರೋಜನ್ ಅಗ್ಗವಾಯಿತು. ವಿಜ್ಞಾನ ಸೋಲಲಿಲ್ಲ, ಕರೆಂಟು ಯಾರಿಗೆ ಮೊದಲು ಎಂಬ ಪ್ರಶ್ನೆಯಲ್ಲಿ ಗೊಬ್ಬರ ಹಿಂದೆ ಬಿತ್ತು. ಈಗ ಮಧ್ಯಾಹ್ನದ ಬಿಸಿಲು ಆ ಪ್ರಶ್ನೆಗೆ ಬೇರೆ ಉತ್ತರ ಕೊಡುವ ಸಾಧ್ಯತೆ ತೆರೆದಿದೆ.

ಗೋಕಾಕ, ಹುಕ್ಕೇರಿಗಳಿರುವ ಘಟಪ್ರಭೆಯ ಕಣಿವೆಗೆ ಇದರಲ್ಲಿ ವಿಶೇಷ ಜಾಗ ಸಿಗಬಹುದು, ಅದಕ್ಕೆ ಕಾರಣ ಕಬ್ಬು. ಯೂರಿಯಾಕ್ಕೆ ಅಮೋನಿಯ ಮಾತ್ರ ಸಾಲದು, ಇಂಗಾಲದ ಡೈಆಕ್ಸೈಡೂ ಬೇಕು. ಅನಿಲದ ಕಾರ್ಖಾನೆಯಲ್ಲಿ ಅದು ತಾನಾಗಿ ಸಿಗುತ್ತದೆ. ನೀರು ಒಡೆದು ಹೈಡ್ರೋಜನ್ ಮಾಡಿದರೆ ಸಿಗುವುದಿಲ್ಲ. ಹಸಿರು ಯೂರಿಯಾ ಎಂದೊಡನೆ ಎಂಜಿನಿಯರುಗಳು ಎಡವುವುದು ಇಲ್ಲೇ. ಆದರೆ ಸಕ್ಕರೆ ಕಾರ್ಖಾನೆಗೆ ಹೊಂದಿಕೊಂಡ ಡಿಸ್ಟಿಲರಿಯಲ್ಲಿ ಮೊಲಾಸಿಸ್ ಹುದುಗಿ ಎಥೆನಾಲ್ ಆಗುವಾಗ ಒಂದು ಲೀಟರಿಗೆ ಮುಕ್ಕಾಲು ಕಿಲೋದಷ್ಟು ಡೈಆಕ್ಸೈಡ್ ಹೆಚ್ಚುಕಡಿಮೆ ಶುದ್ಧವಾಗಿಯೇ ಮೇಲೇಳುತ್ತದೆ. ಪೆಟ್ರೋಲಿಗೆ ಎಥೆನಾಲ್ ಬೆರೆಸುವ ನೀತಿಯಿಂದ ಈ ಸೀಮೆಯಲ್ಲಿ ಡಿಸ್ಟಿಲರಿಗಳು ಬೆಳೆದಿವೆ. ಅಲ್ಲಿ ಏಳುವ ಡೈಆಕ್ಸೈಡು ಕಬ್ಬು ಗಾಳಿಯಿಂದಲೇ ಹೀರಿಕೊಂಡದ್ದು. ಯೂರಿಯಾದ ಮೂಲಕ ಮತ್ತೆ ಗಾಳಿಗೆ ಹೋದರೂ ಲೆಕ್ಕಕ್ಕೆ ಹೊಸ ಭಾರ ಸೇರುವುದಿಲ್ಲ.

ದಿನಕ್ಕೆ ಒಂದು ಲಕ್ಷ ಲೀಟರ್ ಎಥೆನಾಲ್ ಮಾಡುವ ಒಂದು ಡಿಸ್ಟಿಲರಿಯನ್ನು ತೆಗೆದುಕೊಳ್ಳೋಣ. 75 ಟನ್ ಡೈಆಕ್ಸೈಡ್ ಏಳುತ್ತದೆ. ಅದರಿಂದ ನೂರು ಟನ್ ಯೂರಿಯಾ ಮಾಡಬಹುದು. ಅದಕ್ಕೆ ಹತ್ತು ಟನ್ ಹೈಡ್ರೋಜನ್, ಅಂದರೆ ತೋರಣಗಲ್ಲಿನ ಘಟಕಕ್ಕಿಂತ ತುಸು ಚಿಕ್ಕದು ಸಾಕು. ವಿದ್ಯುತ್ತು ದಿನಕ್ಕೆ ಐದು ಲಕ್ಷ ಯೂನಿಟ್ ಮೀರುತ್ತದೆ. ಅಷ್ಟನ್ನೂ ಬಿಸಿಲಿನಿಂದಲೇ ತೆಗೆಯುವುದಾದರೆ 120 ಮೆಗಾವ್ಯಾಟ್‌ನಷ್ಟು ಪ್ಯಾನೆಲ್, 600 ಎಕರೆಯಷ್ಟು ನೆಲ. ಈ ಅಂಕಿ ಮೊದಲ ನೋಟಕ್ಕೆ ಗಾಬರಿ ಹುಟ್ಟಿಸುತ್ತದೆ. ವರ್ಷಕ್ಕೆ ಮುನ್ನೂರು ದಿನ ನಡೆದರೆ ಅದು ಕೊಡುವ ಯೂರಿಯಾ ಆರೂವರೆ ಲಕ್ಷ ಚೀಲ, ಒಂದು ಲಕ್ಷ ಮೂವತ್ತು ಸಾವಿರ ಎಕರೆ ಕಬ್ಬಿಗೆ ಸಾಕಾಗುವಷ್ಟು. ಎಕರೆಗೆ ಒಂದು ಕಿಲೋವ್ಯಾಟ್‌ಗೂ ಕಡಿಮೆ ಪ್ಯಾನೆಲ್ ಬಿತ್ತು.

ನೀರಿನ ಅಂಜಿಕೆಯೂ ಹೀಗೆಯೇ. ಹಿಡಕಲ್ ಜಲಾಶಯ ಬೇಸಿಗೆಯಲ್ಲಿ ತಳ ಕಾಣುವುದನ್ನು ನೋಡಿದವರಿಗೆ ನೀರು ಒಡೆಯುವ ಕಾರ್ಖಾನೆ ಎಂದರೆ ಎದೆ ಝಲ್ಲೆನ್ನುವುದು ಸಹಜ. ಒಂದು ಕಿಲೋ ಹೈಡ್ರೋಜನ್‌ಗೆ ರಸಾಯನದ ಲೆಕ್ಕದಲ್ಲಿ ಒಂಬತ್ತು ಲೀಟರ್ ನೀರು, ಸೋಸುವುದು ತಂಪಿಸುವುದು ಸೇರಿ ಮೂವತ್ತು ಎಂದುಕೊಳ್ಳಿ. ಎಕರೆ ಕಬ್ಬಿನ ಯೂರಿಯಾಕ್ಕೆ 700 ಲೀಟರ್. ಆ ಎಕರೆ ಕಬ್ಬು ತಾನೇ ಕುಡಿಯುವುದು 80 ಲಕ್ಷ ಲೀಟರ್. ಇಲ್ಲಿ ನೀರಿನ ಸಮಸ್ಯೆ ಇದೆ, ಅದು ಹರಿನೀರಾವರಿಯಲ್ಲಿದೆ.

ಕಬ್ಬಿನಿಂದಲೇ ಹೈಡ್ರೋಜನ್ ತೆಗೆಯುವ ದಾರಿಯೂ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಸ್. ದಾಸಪ್ಪ ಅವರ ತಂಡ ಜೀವರಾಶಿಯನ್ನು ಆಮ್ಲಜನಕ ಮತ್ತು ಹಬೆಯೊಡನೆ ಕಾಯಿಸಿ ಒಂದು ಕಿಲೋದಿಂದ ನೂರು ಗ್ರಾಂ ಹೈಡ್ರೋಜನ್ ಪಡೆಯುವ ವಿಧಾನ ರೂಪಿಸಿದೆ. ಹಬೆಯ ನೀರಿನಲ್ಲಿರುವ ಹೈಡ್ರೋಜನ್ನೂ ಜೊತೆಗೆ ಬರುವುದರಿಂದ, ಜೀವರಾಶಿಯಲ್ಲಿ ಇದ್ದದ್ದಕ್ಕಿಂತ ಹೆಚ್ಚೇ ಸಿಗುತ್ತದೆ. ಕಬ್ಬಿನ ಸಿಪ್ಪೆಯನ್ನು ಕಾರ್ಖಾನೆಗಳು ಈಗಾಗಲೇ ಉರಿಸಿ ವಿದ್ಯುತ್ ಮಾಡುತ್ತಿವೆ. ಹೊಲದಲ್ಲಿ ಬೆಂಕಿ ಹಚ್ಚುವ ರವದಿಯನ್ನು, ಅಂದರೆ ಕಬ್ಬಿನ ಒಣ ಎಲೆಯನ್ನು, ಬೇಕಾದರೆ ಯೋಚಿಸಬಹುದು. ಆದರೆ ನನಗೆ ಕೇಳಿದರೆ, ರವದಿ ಮೊದಲು ನೆಲದ ಹೊದಿಕೆಯಾಗಲಿ. ಚೆಲ್ಲಿದ ಯೂರಿಯಾದಲ್ಲಿ ಅರ್ಧಕ್ಕಿಂತ ಕಡಿಮೆ ಸಾರಜನಕ ಬೆಳೆಗೆ ಸೇರುತ್ತದೆ. ಉಳಿದದ್ದರಲ್ಲಿ ಒಂದಂಶ ನೈಟ್ರಸ್ ಆಕ್ಸೈಡ್ ಆಗಿ ಮೇಲೇರುತ್ತದೆ, ಭೂಮಿಯನ್ನು ಬಿಸಿಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 270 ಪಟ್ಟು ಬಲಶಾಲಿ. ಹೈಡ್ರೋಜನ್ ಎಷ್ಟೇ ಹಸಿರಾಗಿದ್ದರೂ ಈ ಅನಿಲ ನಿಲ್ಲುವುದಿಲ್ಲ. ಹನಿ ನೀರಾವರಿಯಲ್ಲಿ ಸ್ವಲ್ಪಸ್ವಲ್ಪವೇ ಗೊಬ್ಬರ ಕೊಟ್ಟು, ರವದಿ ಹೊದಿಸಿ, ನಡುವೆ ದ್ವಿದಳ ಬೆಳೆದು ಐದು ಚೀಲವನ್ನು ಮೂರಕ್ಕೆ ಇಳಿಸಿದವರು ಯಾವ ಯಂತ್ರವೂ ಇಲ್ಲದೆ ಎಕರೆಗೆ ಒಂಬತ್ತು ಕಿಲೋ ಹೈಡ್ರೋಜನ್ ಉಳಿಸಿದಂತೆ. ಯೋಜನೆಗಳ ಹಣದಲ್ಲಿ ಒಂದು ಪಾಲು ಅವರಿಗೂ ಸಲ್ಲಬೇಕು.

ಅಡೆತಡೆಗಳು ಸಣ್ಣವಲ್ಲ. ಅಮೋನಿಯ ಮಾಡುವ ಹೇಬರ್ ವಿಧಾನಕ್ಕೆ 400 ಡಿಗ್ರಿ ಮೀರಿದ ಕಾವು, ನೂರಾರು ವಾಯುಭಾರದ ಒತ್ತಡ ಬೇಕು. ಅದು ಹಗಲು ರಾತ್ರಿ ಒಂದೇ ಹದದಲ್ಲಿ ನಡೆಯಬಯಸುತ್ತದೆ, ಸೂರ್ಯ ಹಾಗಲ್ಲ. ರಾಮಗುಂಡಂನಂಥ ಹೊಸ ಕಾರ್ಖಾನೆಗಳು ದಿನಕ್ಕೆ 3,850 ಟನ್ ಯೂರಿಯಾ ಮಾಡುವಾಗ ನೂರು ಟನ್ನಿನದು ಅಗ್ಗವಾಗುವುದು ಕಷ್ಟ. ಅಮೋನಿಯ ಸೋರಿದರೆ ಜೀವಕ್ಕೆ ಅಪಾಯ, ಊರಿನಿಂದ ದೂರ ಇಡಬೇಕು. ಬೆಲೆಯ ಕಡೆ ಮಾತ್ರ ಗಾಳಿ ತಿರುಗುತ್ತಿದೆ. 2025ರಲ್ಲಿ ಕೇಂದ್ರದ ಸೌರಶಕ್ತಿ ನಿಗಮ ಗೊಬ್ಬರ ಕಾರ್ಖಾನೆಗಳಿಗಾಗಿ ನಡೆಸಿದ ಹಸಿರು ಅಮೋನಿಯದ ಮೊದಲ ಹರಾಜಿನಲ್ಲಿ ಕಿಲೋಗೆ ₹55.75 ದರ ಬಂತು. ಅನಿಲದ ಅಮೋನಿಯಕ್ಕಿಂತ ಇದು ಹೆಚ್ಚೇ, ಆದರೆ ಕೆಲವು ವರ್ಷಗಳ ಹಿಂದೆ ಯಾರೂ ನಿರೀಕ್ಷಿಸಿರದಷ್ಟು ಹತ್ತಿರ. ಅನಿಲಕ್ಕೆ ಕೊಡುತ್ತಿರುವ ಸಬ್ಸಿಡಿಯಲ್ಲಿ ಒಂದು ಭಾಗವನ್ನು ಇತ್ತ ತಿರುಗಿಸುವುದು ಅಸಾಧ್ಯವಲ್ಲ.

ಉಳಿದ ಪ್ರಶ್ನೆ ಒಡೆತನದ್ದು. ಹಸಿರು ಹೈಡ್ರೋಜನ್‌ನ ದೊಡ್ಡ ಯೋಜನೆಗಳ ಕಣ್ಣು ಬಂದರುಗಳ ಮೇಲಿದೆ, ಅಮೋನಿಯವನ್ನು ಹಡಗಿಗೆ ತುಂಬಿ ಹೊರದೇಶಕ್ಕೆ ಕಳಿಸುವ ಕಡೆಗಿದೆ. ನಮ್ಮ ಬಿಸಿಲು, ನಮ್ಮ ನೆಲದಿಂದಾದ ಅಮೋನಿಯ ಹೊರಗೆ ಹೋಗಿ, ಹೊರಗಿನ ಅನಿಲ ಒಳಗೆ ಬಂದು ಯೂರಿಯಾ ಆಗಿ, ಅದಕ್ಕೂ ರೈತ ಸಾಲು ನಿಲ್ಲುವುದು ನನಗೆ ಒಪ್ಪಿಗೆಯಾಗುವ ವ್ಯವಸ್ಥೆ ಅಲ್ಲ. ಇದಕ್ಕೆ ಬೇರೆ ಮಾದರಿ ಈ ಸೀಮೆಯಲ್ಲೇ ಇದೆ. 1887ರಲ್ಲಿ ಗೋಕಾಕ ಗಿರಣಿಯ ಕದಿರುಗಳನ್ನು ಫಾಲ್ಸಿನ ನೀರು ತಿರುಗಿಸಿತು, ಆ ಬಲ ಕಂಪನಿಯದಾಗಿತ್ತು. 1969ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿದಾಗ ಕರೆಂಟಿನ ತಂತಿಗೆ ಸದಸ್ಯ ರೈತರೇ ಒಡೆಯರಾದರು. ದೇಶದಲ್ಲಿ ಪ್ರಯೋಗವಾಗಿ ಆರಂಭಿಸಿದ ಐದೇ ಸಂಘಗಳಲ್ಲಿ ಅದೊಂದು, ಇಂದಿಗೂ ತಾಲ್ಲೂಕಿಗೆ ವಿದ್ಯುತ್ ಹಂಚುತ್ತಿದೆ. ವಿದ್ಯುತ್ತು ಹಂಚಲು ಸಹಕಾರಿ ಸಂಘ, ಡಿಸ್ಟಿಲರಿ ನಡೆಸಲು ಸಕ್ಕರೆ ಕಾರ್ಖಾನೆ, ಗೊಬ್ಬರ ಮಾರಲು ಪ್ರಾಥಮಿಕ ಕೃಷಿ ಪತ್ತಿನ ಸಂಘ, ಮೂರೂ ಈ ಕಣಿವೆಯಲ್ಲಿವೆ. ಮಿಷನ್‌ನ ಹಣದಲ್ಲಿ ಇಂಥದೊಂದು ಡಿಸ್ಟಿಲರಿಯ ಪಕ್ಕ ಪ್ರಯೋಗದ ಘಟಕ ನಿಲ್ಲಲಿ. ಮಧ್ಯಾಹ್ನದ ಮಿಗತೆ ವಿದ್ಯುತ್ತನ್ನಷ್ಟೇ ಬಳಸಬೇಕೆಂಬ ಷರತ್ತು ಅದಕ್ಕಿರಲಿ, ಕಬ್ಬು ಬೆಳೆಗಾರರ ಪಾಲುದಾರಿಕೆ ಇರಲಿ. ಹತ್ತು ವರ್ಷ ನಡೆಸಿ, ಚೀಲಕ್ಕೆ ಎಷ್ಟು ಬಿತ್ತು, ಹೊಲದಲ್ಲಿ ಎಷ್ಟು ಉಳಿಯಿತು ಎಂಬ ಲೆಕ್ಕವನ್ನು ಸಂಘದ ವಾರ್ಷಿಕ ಸಭೆಯಲ್ಲಿ ಓದಿ ಹೇಳಲಿ.